ಥರ್ಮೋಸ್ಟಾಟ್ ‘ಬ್ಯಾಟರಿ ಕಡಿಮೆ’ ಎಂದು ಎಚ್ಚರಿಸಿದಾಗ ಏನು ಮಾಡಬೇಕು?

ಅಮೆರಿಕ ಮತ್ತು ಕೆನಡಾದಲ್ಲಿ ನೆಲೆಸಿರುವ ಕನ್ನಡಿಗರ ಎಷ್ಟೋ ಮನೆಗಳಲ್ಲಿ ಚಳಿಗಾಲದ ಬೆಚ್ಚಗೆಯನ್ನು ಕಾಯುವುದು ಗೋಡೆಯ ಮೇಲಿನ ಸ್ಮಾರ್ಟ್ ಥರ್ಮೋಸ್ಟಾಟ್. ಮಗ-ಸೊಸೆ ಕೆಲಸಕ್ಕೆ ಹೋದ ಮೇಲೆ ಊರಿನಿಂದ ಬಂದ ತಂದೆ-ತಾಯಿಯೋ, ಬಾಣಂತನಕ್ಕೆಂದು ಬಂದ ಅಜ್ಜಿಯೋ ಮನೆಯಲ್ಲಿರುವ ಹೊತ್ತಿಗೆ ಅದರ ಪರದೆಯ ಮೇಲೆ ಬ್ಯಾಟರಿಯ ಎಚ್ಚರಿಕೆ ಮೂಡಿದರೆ ಗಾಬರಿಯಾಗುವುದು ಸಹಜ. ಹೊಸ ಸೆಲ್ ಹಾಕಿದ ಮರುದಿನವೇ ಅದೇ ಎಚ್ಚರಿಕೆ ಮರಳಿದರಂತೂ ಯಾವುದನ್ನು ನಂಬಬೇಕೆಂಬುದೇ ತಿಳಿಯದು.

ಥರ್ಮೋಸ್ಟಾಟ್ ಅಳೆಯುವುದು ಬ್ಯಾಟರಿಯ ಆಯುಷ್ಯವನ್ನಲ್ಲ, ತನಗೆ ತಲುಪುತ್ತಿರುವ ವೋಲ್ಟೇಜನ್ನು ಮಾತ್ರ. ಅದು ತಯಾರಕರು ಗೊತ್ತುಪಡಿಸಿದ ಮಟ್ಟಕ್ಕಿಂತ ಕೆಳಗಿಳಿದರೆ ಎಚ್ಚರಿಕೆ ಬರುತ್ತದೆ. ಹಾಗೆ ಇಳಿಯಲು ಹೊಂದದ ಸೆಲ್, ಸಂಪರ್ಕದಲ್ಲಿ ಕೂತ ಕೊಳೆ, ದುರ್ಬಲ ವೈ-ಫೈ, ಕೊನೆಗೆ ನೆಲಮಾಳಿಗೆಯ ಫರ್ನೇಸ್‌ನಲ್ಲಿ (ಮನೆಯನ್ನು ಬಿಸಿಮಾಡುವ ಯಂತ್ರದಲ್ಲಿ) ಸುಟ್ಟುಹೋದ ಒಂದು ಪುಟ್ಟ ಫ್ಯೂಸ್ ಕೂಡ ಕಾರಣವಾಗಬಹುದು. ಹಾಗೆಂದು ಎಚ್ಚರಿಕೆಯನ್ನು ಕಡೆಗಣಿಸುವಂತಿಲ್ಲ. ಥರ್ಮೋಸ್ಟಾಟ್ ನಿಂತರೆ ಮನೆ ಬಿಸಿಯಾಗುವುದೂ ನಿಲ್ಲುತ್ತದೆ. ಹೊರಗಿನ ಉಷ್ಣಾಂಶ ಸೊನ್ನೆಗಿಂತ ಬಹಳ ಕೆಳಗಿದ್ದರೆ ಪೈಪುಗಳಲ್ಲಿನ ನೀರು ಹೆಪ್ಪುಗಟ್ಟಿ ಅವು ಒಡೆಯಬಹುದು.

ಮೊದಲ ಹಂತ: ವಿದ್ಯುತ್ ಎಲ್ಲಿಂದ ಬರುತ್ತಿದೆ?

ಕೆಲವು ಥರ್ಮೋಸ್ಟಾಟ್‌ಗಳು ಎರಡು ಡಬಲ್-ಎ ಅಥವಾ ಟ್ರಿಪಲ್-ಎ ಸೆಲ್‌ಗಳಿಂದ ನಡೆಯುತ್ತವೆ. ಇನ್ನು ಕೆಲವು ಫರ್ನೇಸ್‌ನಲ್ಲಿರುವ ಟ್ರಾನ್ಸ್‌ಫಾರ್ಮರ್‌ನಿಂದ 24 ವೋಲ್ಟ್ ಎ.ಸಿ. ವಿದ್ಯುತ್ ಪಡೆದು ಒಳಗಿನ ಬ್ಯಾಟರಿಯನ್ನು ತಾವೇ ಚಾರ್ಜ್ ಮಾಡಿಕೊಳ್ಳುತ್ತವೆ. ಗೂಗಲ್ ನೆಸ್ಟ್ ಲರ್ನಿಂಗ್ ಥರ್ಮೋಸ್ಟಾಟ್ ಈ ಎರಡನೆಯ ಬಗೆಯದು. 2020ರಲ್ಲಿ ಬಂದ ಅಗ್ಗದ ನೆಸ್ಟ್ ಥರ್ಮೋಸ್ಟಾಟ್‌ನಲ್ಲಿ ಎರಡು ಟ್ರಿಪಲ್-ಎ ಸೆಲ್‌ಗಳಿವೆ. ನಿಮ್ಮದು ಯಾವ ಬಗೆಯದೆಂದು ತಿಳಿಯದೆ ಮುಂದಿನ ಯಾವ ಹಂತಕ್ಕೂ ಹೋಗಬೇಡಿ.

ಹಾಗೆಯೇ, ಥರ್ಮೋಸ್ಟಾಟ್‌ನ ಮೇಲೆ 120 ಅಥವಾ 240 ವೋಲ್ಟ್ ಎಂದು ಬರೆದಿದ್ದರೆ, ಅಥವಾ ಅದರ ಹಿಂದೆ ದಪ್ಪನೆಯ ವೈರ್‌ಗಳು ಕಂಡರೆ, ಅಲ್ಲಿಗೇ ನಿಲ್ಲಿಸಿ ಎಲೆಕ್ಟ್ರಿಷಿಯನ್‌ರನ್ನು ಕರೆಯಿರಿ. ಗೋಡೆಯ ಬುಡದಲ್ಲಿ ಅಳವಡಿಸುವ ವಿದ್ಯುತ್ ಹೀಟರ್‌ಗಳ ಥರ್ಮೋಸ್ಟಾಟ್‌ಗಳು ಹೀಗಿರುತ್ತವೆ. ಅವುಗಳಿಗೆ ಈ ಲೇಖನ ಅನ್ವಯಿಸುವುದಿಲ್ಲ.

ಎರಡನೆಯ ಹಂತ: ಎಚ್ಚರಿಕೆ ಎಲ್ಲಿ ಕಾಣುತ್ತಿದೆ?

ಮೊಬೈಲ್ ಆ್ಯಪ್‌ನಲ್ಲಿ ಮಾತ್ರ ಎಚ್ಚರಿಕೆ ಇದ್ದು ಗೋಡೆಯ ಪರದೆಯಲ್ಲಿ ಇಲ್ಲದಿದ್ದರೆ, ಆ್ಯಪ್ ಹಳೆಯ ಮಾಹಿತಿಯನ್ನೇ ತೋರಿಸುತ್ತಿರುವ ಸಾಧ್ಯತೆ ಹೆಚ್ಚು. ಸೆಲ್‌ನಿಂದ ನಡೆಯುವ ಉಪಕರಣಗಳು ವಿದ್ಯುತ್ ಉಳಿಸಲು ಆಗಾಗ ಮಾತ್ರ ವರದಿ ಕಳಿಸುತ್ತವೆ. ಥರ್ಮೋಸ್ಟಾಟ್ ವೈ-ಫೈಗೆ ಸೇರಿದೆಯೇ ನೋಡಿ, ಅದನ್ನು ಒಮ್ಮೆ ರೀಸ್ಟಾರ್ಟ್ ಮಾಡಿ, ಸಾಫ್ಟ್‌ವೇರ್ ಅಪ್‌ಡೇಟ್ ಬಾಕಿಯಿದ್ದರೆ ಮುಗಿಸಿ.

ಮೂರನೆಯ ಹಂತ: ಸೆಲ್ ಮತ್ತು ಅದರ ಸಂಪರ್ಕ

ಹೊಸ ಆಲ್ಕಲೈನ್ ಸೆಲ್ 1.5 ವೋಲ್ಟ್‌ನದು, ರೀಚಾರ್ಜ್ ಮಾಡಬಲ್ಲ ನಿಕ್ಕಲ್-ಮೆಟಲ್ ಹೈಡ್ರೈಡ್ ಸೆಲ್ 1.2 ವೋಲ್ಟ್‌ನದು. ಥರ್ಮೋಸ್ಟಾಟ್‌ನ ಮಿತಿಯನ್ನು ಆಲ್ಕಲೈನ್‌ಗೆಂದು ನಿಗದಿ ಮಾಡಿದ್ದರೆ, ಪೂರ್ತಿ ಚಾರ್ಜ್ ಆದ ರೀಚಾರ್ಜ್ ಸೆಲ್ ಕೂಡ ಅದಕ್ಕೆ ಬರಿದಾದಂತೆ ಕಾಣುತ್ತದೆ. ಪರಿಸರದ ಕಾಳಜಿಯಿಂದ ರೀಚಾರ್ಜ್ ಸೆಲ್ ಬಳಸುವವರ ಉದ್ದೇಶ ಒಳ್ಳೆಯದೇ, ಆದರೆ ಥರ್ಮೋಸ್ಟಾಟ್‌ನ ಕೈಪಿಡಿ ಒಪ್ಪದಿದ್ದರೆ ಇಲ್ಲಿ ಅದು ಬೇಡ. ರೀಚಾರ್ಜ್ ಆಗದ 1.5 ವೋಲ್ಟ್ ಲಿಥಿಯಂ ಸೆಲ್‌ಗಳದು ಇದಕ್ಕೆ ವಿರುದ್ಧವಾದ ತೊಂದರೆ: ಕೊನೆಯವರೆಗೂ ವೋಲ್ಟೇಜ್ ಇಳಿಯದೆ ಒಮ್ಮೆಲೇ ಕುಸಿಯುವುದರಿಂದ ಎಚ್ಚರಿಕೆ ತೀರಾ ತಡವಾಗಿ ಬರುತ್ತದೆ. ಒಂದು ಹಳೆಯ, ಒಂದು ಹೊಸ ಸೆಲ್ ಸೇರಿಸಿ ಹಾಕಬಾರದು. ಎರಡನ್ನೂ ಒಟ್ಟಿಗೆ ಬದಲಿಸಬೇಕು.

ಇನ್ನು ಸೆಲ್ ಕೂರುವ ಜಾಗವನ್ನು ಬೆಳಕಿಗೆ ಹಿಡಿದು ನೋಡಿ. ಸ್ಪ್ರಿಂಗ್‌ನ ಬುಡದಲ್ಲಿ ಉಪ್ಪಿನಂತೆ ಬಿಳಿಯದೋ, ತುಸು ಹಸಿರು ಬಣ್ಣದ್ದೋ ಪದರ ಕಂಡರೆ, ಹಿಂದೆಂದೋ ಸೋರಿದ ಆಲ್ಕಲೈನ್ ಸೆಲ್‌ನ ಕ್ಷಾರ ಒಣಗಿ ಕೂತಿದೆ ಎಂದರ್ಥ. ಆ ತೆಳುವಾದ ಪದರ ವಿದ್ಯುತ್ತಿಗೆ ಅಡ್ಡಿಯಾಗುತ್ತದೆ. ವೈ-ಫೈ ಚುರುಕಾಗಿ ಒಂದು ಕ್ಷಣ ಹೆಚ್ಚು ಕರೆಂಟ್ ಎಳೆದಾಗ ವೋಲ್ಟೇಜ್ ಥಟ್ಟನೆ ಇಳಿದು ಎಚ್ಚರಿಕೆ ಮೂಡುತ್ತದೆ. ಸೆಲ್ ತೆಗೆದು, ಕೈಗವಸು ಧರಿಸಿ, ಹತ್ತಿ ಸುತ್ತಿದ ಕಡ್ಡಿಯನ್ನು ನಿಂಬೆರಸ ಅಥವಾ ವಿನೆಗರ್‌ನಲ್ಲಿ ಸ್ವಲ್ಪವೇ ಅದ್ದಿ ಉಜ್ಜಿ. ಬಳಿಕ ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ, ಪೂರ್ತಿ ಒಣಗಿದ ಮೇಲೆ ಹೊಸ ಸೆಲ್ ಹಾಕಿ. ಸ್ಪ್ರಿಂಗ್ ಸಡಿಲವಾಗಿದ್ದರೆ ಬೆರಳಿನಿಂದ ಮೆಲ್ಲಗೆ ಹೊರಕ್ಕೆ ಎಳೆದರೆ ಸಾಕು.

ರೌಟರ್‌ನ ಜಾಗ ಬದಲಿಸಿದ ಮೇಲೆ ತೊಂದರೆ ಶುರುವಾಗಿದ್ದರೆ ಸಿಗ್ನಲ್ ಪರೀಕ್ಷಿಸಿ. ಸಂಪರ್ಕ ಕಡಿದು ಮತ್ತೆ ಮತ್ತೆ ಸೇರಲು ಯತ್ನಿಸುವ ಥರ್ಮೋಸ್ಟಾಟ್ ಸೆಲ್‌ಗಳನ್ನು ಬೇಗ ಬರಿದುಮಾಡುತ್ತದೆ.

ನಾಲ್ಕನೆಯ ಹಂತ: ವೈರ್‌ನಿಂದ ಚಾರ್ಜ್ ಆಗುವ ಥರ್ಮೋಸ್ಟಾಟ್

ಈ ಬಗೆಯಲ್ಲಿ ಬ್ಯಾಟರಿ ಕಡಿಮೆಯಾಗಿದೆ ಎಂದರೆ ಅದಕ್ಕೆ ಚಾರ್ಜ್ ತಲುಪುತ್ತಿಲ್ಲ ಎಂದೇ ಮೊದಲು ಶಂಕಿಸಬೇಕು. ನೆಸ್ಟ್ ಲರ್ನಿಂಗ್ ಥರ್ಮೋಸ್ಟಾಟ್‌ನ ಸೆಟ್ಟಿಂಗ್ಸ್‌ನಲ್ಲಿರುವ ತಾಂತ್ರಿಕ ಮಾಹಿತಿಯ ಪುಟದಲ್ಲಿ ಬ್ಯಾಟರಿಯ ವೋಲ್ಟೇಜ್ ಸಿಗುತ್ತದೆ, ಅದು 3.6ಕ್ಕಿಂತ ಕೆಳಗಿದ್ದರೆ ಚಾರ್ಜ್ ಸಾಲುತ್ತಿಲ್ಲ.

ಕಾರಣ ಹುಡುಕಲು ಫರ್ನೇಸ್‌ನ ಬಳಿ ಹೋಗಬೇಕು. ಅದರ ಬ್ರೇಕರ್ ಮತ್ತು ಪಕ್ಕದ ಸ್ವಿಚ್ ಆನ್ ಆಗಿವೆಯೇ ನೋಡಿ. ಮುಂದಿನ ಬಾಗಿಲು ಸರಿಯಾಗಿ ಕೂತಿದೆಯೇ ಎಂದೂ ನೋಡಿ. ಅದರ ಹಿಂದೆ ಒಂದು ಸುರಕ್ಷತಾ ಸ್ವಿಚ್ ಇದ್ದು, ಫಿಲ್ಟರ್ ಬದಲಿಸಿದ ಮೇಲೆ ಬಾಗಿಲು ಕೊಂಚ ವಾರೆಯಾದರೂ ವಿದ್ಯುತ್ ಕಡಿದುಹೋಗುತ್ತದೆ. ಬೇಸಿಗೆಯಲ್ಲಿ ಏರ್ ಕಂಡಿಷನರ್‌ನ ನೀರು ಹೋಗುವ ಕೊಳವೆ ಕಟ್ಟಿಕೊಂಡರೆ ತಟ್ಟೆಯಲ್ಲಿ ನೀರು ನಿಂತು, ಅಲ್ಲಿನ ತೇಲುವ ಸ್ವಿಚ್ ಥರ್ಮೋಸ್ಟಾಟ್‌ನ ವಿದ್ಯುತ್ತನ್ನೂ ನಿಲ್ಲಿಸಬಹುದು. ಆಗ ಮನೆಯವರಿಗೆ ಕಾಣುವುದು ಬ್ಯಾಟರಿಯ ಎಚ್ಚರಿಕೆ, ಆದರೆ ಶುಚಿ ಮಾಡಬೇಕಾದದ್ದು ಕೊಳವೆ.

ಇಷ್ಟೆಲ್ಲ ಸರಿಯಿದ್ದರೆ ಬ್ರೇಕರ್ ಆರಿಸಿ, ಥರ್ಮೋಸ್ಟಾಟನ್ನು ಅದರ ತಳದಿಂದ ಬಿಡಿಸಿ, ಯಾವ ವೈರ್ ಎಲ್ಲಿದೆ ಎಂಬುದರ ಫೋಟೊ ತೆಗೆದಿಟ್ಟುಕೊಳ್ಳಿ. ಸಡಿಲವಾದ ವೈರ್ ಇದ್ದರೆ ಗಟ್ಟಿಯಾಗಿ ಕೂರಿಸಿ. ಮಲ್ಟಿಮೀಟರ್ ಬಳಸಿ ಅಭ್ಯಾಸವಿರುವವರು ಬ್ರೇಕರ್ ಮತ್ತೆ ಹಾಕಿ, ಮೀಟರನ್ನು ಎ.ಸಿ. ವೋಲ್ಟೇಜ್‌ಗೆ ಇಟ್ಟು ‘ಆರ್’ (ವಿದ್ಯುತ್ ತರುವ) ಮತ್ತು ‘ಸಿ’ (ಅದನ್ನು ಮರಳಿಸುವ) ತುದಿಗಳ ನಡುವೆ ಅಳೆಯಬಹುದು. 24 ಅಥವಾ ಅದಕ್ಕಿಂತ ತುಸು ಹೆಚ್ಚು ಬರಬೇಕು. ಸೊನ್ನೆ ಬಂದರೆ ಫರ್ನೇಸ್‌ನ ಕಂಟ್ರೋಲ್ ಬೋರ್ಡ್ ಮೇಲಿರುವ, ಕಾರುಗಳಲ್ಲಿ ಬಳಸುವಂಥ 3 ಅಥವಾ 5 ಆಂಪಿಯರ್ ಫ್ಯೂಸ್ ಸುಟ್ಟಿರಬಹುದು. ‘ಆರ್’ ಮತ್ತು ‘ಸಿ’ ವೈರ್‌ಗಳು ಒಂದಕ್ಕೊಂದು ತಗುಲಿದರೆ ಸುಡುವುದು ಇದೇ ಫ್ಯೂಸ್. ಆದ್ದರಿಂದ ಬ್ರೇಕರ್ ಆರಿಸದೆ ಯಾವ ವೈರನ್ನೂ ಮುಟ್ಟಬೇಡಿ. ಫ್ಯೂಸ್ ಬದಲಿಸುವಾಗ ಅಷ್ಟೇ ಆಂಪಿಯರ್‌ನದನ್ನೇ ಹಾಕಿ.

ಹಳೆಯ ಮನೆಗಳಲ್ಲಿ ‘ಸಿ’ ವೈರ್ ಇಲ್ಲದಿರುವುದೇ ಉಂಟು. ಆಗ ಥರ್ಮೋಸ್ಟಾಟ್ ಉಳಿದ ವೈರ್‌ಗಳಿಂದ ಅಷ್ಟಿಷ್ಟು ಕರೆಂಟ್ ಎಳೆದುಕೊಂಡು ದಿನ ದೂಡುತ್ತದೆ, ಎಲ್ಲ ಮನೆಗಳಲ್ಲೂ ಅದು ಸಾಲುವುದಿಲ್ಲ. ಗೋಡೆಯೊಳಗೆ ಬಳಸದೆ ಮಡಚಿಟ್ಟ ಒಂದು ವೈರ್ ಸಿಕ್ಕರೆ ಅದನ್ನೇ ಎರಡೂ ಕಡೆ ‘ಸಿ’ಗೆ ಜೋಡಿಸಬಹುದು, ಸಿಗದಿದ್ದರೆ ಥರ್ಮೋಸ್ಟಾಟ್ ತಯಾರಕರೇ ಮಾರುವ ಪವರ್ ಅಡಾಪ್ಟರ್ ಹಾಕಿಸಬೇಕು. ವೈರ್‌ನ ಬಣ್ಣ ನೋಡಿ ಮಾತ್ರ ನಿರ್ಧರಿಸಬೇಡಿ. ‘ಸಿ’ ಸಾಮಾನ್ಯವಾಗಿ ನೀಲಿ ಎನ್ನುತ್ತಾರಾದರೂ ಅದು ನಿಯಮವಲ್ಲ.

ಫ್ಯೂಸ್ ಬದಲಿಸಿದ ಕೂಡಲೇ ಮತ್ತೆ ಸುಟ್ಟರೆ ಎಲ್ಲೋ ಶಾರ್ಟ್ ಸರ್ಕಿಟ್ ಇದೆ; ಮೂರನೆಯ ಫ್ಯೂಸ್ ಹಾಕದೆ ಫರ್ನೇಸ್ ತಂತ್ರಜ್ಞರನ್ನು ಕರೆಯಿರಿ. ಅಳೆದ ವೋಲ್ಟೇಜ್, ವೈರ್‌ಗಳ ಫೋಟೊ, ಎಚ್ಚರಿಕೆ ಬಂದ ದಿನ ಮತ್ತು ಹೊತ್ತು ಇವಿಷ್ಟನ್ನು ಫೋನಿನಲ್ಲೇ ಅವರಿಗೆ ಕಳಿಸಿದರೆ, ಬೇಕಾದ ಭಾಗವನ್ನು ಜೊತೆಗೇ ತರಲು ಅನುಕೂಲವಾಗುತ್ತದೆ.