ಮದುವೆಗೆ ಮುಂಚೆ ಅಂದರೆ ಎಷ್ಟು ಮುಂಚೆ? ಸಿಕಲ್ ಸೆಲ್ ಪರೀಕ್ಷೆಯ ಕೆಲಸದಲ್ಲಿ ನನ್ನ ಅನುಭವ

ಸಿಕಲ್ ಸೆಲ್ ಪರೀಕ್ಷೆಯನ್ನು ಮದುವೆಗೆ ಮುಂಚೆ ಮಾಡಿಸಿ ಎಂದು ಎಲ್ಲರೂ ಹೇಳುತ್ತಾರೆ. ನಾವೂ ಹೇಳುತ್ತೇವೆ. ಆದರೆ ಎಷ್ಟು ಮುಂಚೆ? ಇದಕ್ಕೆ ಸರಿಯಾದ ಉತ್ತರ ಸಿಕ್ಕ ಮೇಲೆಯೇ ನನ್ನ ಕೆಲಸ ಒಂದು ದಾರಿಗೆ ಬಂತು.

ನಾನು ಚಾಮರಾಜನಗರ ಜಿಲ್ಲೆಯಲ್ಲಿ, ಕಾಡಂಚಿನ ಒಂದು ಉಪಕೇಂದ್ರದಲ್ಲಿ ಸಮುದಾಯ ಆರೋಗ್ಯ ಅಧಿಕಾರಿ. ನಮ್ಮ ವ್ಯಾಪ್ತಿಯಲ್ಲಿ ಬಯಲಿನ ಊರುಗಳೂ ಇವೆ, ಕಾಡಿನ ಬುಡಕಟ್ಟಿನವರಾದ ಸೋಲಿಗರ ಪೋಡುಗಳೂ, ಅಂದರೆ ಹಾಡಿಗಳೂ ಇವೆ. ಬಿಪಿ, ಶುಗರ್, ಗರ್ಭಿಣಿಯರ ತಪಾಸಣೆ, ಮಕ್ಕಳ ಲಸಿಕೆ, ಇವುಗಳ ಜೊತೆಗೆ ಸಿಕಲ್ ಸೆಲ್ ಪರೀಕ್ಷೆಯೂ ನನ್ನ ಪಾಲಿಗೆ ಬಂದಿದೆ. ಹೊಸದಾಗಿ ಸೇರಿದ ಹುಡುಗಿಯರು "ಅಕ್ಕ, ನೀವು ಹೇಗೆ ಮಾಡ್ತೀರಿ, ಜನ ಒಪ್ತಾರಾ?" ಎಂದು ಕೇಳುತ್ತಿರುತ್ತಾರೆ. ಅವರಿಗಾಗಿ ಮತ್ತು ಮದುವೆ ವಯಸ್ಸಿನ ಮಕ್ಕಳಿರುವ ಮನೆಯವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ರೋಗದ ಬಗ್ಗೆ ಸ್ವಲ್ಪ ಹೇಳಿಬಿಡುತ್ತೇನೆ. ನಮ್ಮ ರಕ್ತದ ಕೆಂಪು ಕಣ ದುಂಡಗೆ, ಮೆತ್ತಗೆ ಇರುತ್ತದೆ. ಸಿಕಲ್ ಸೆಲ್ ಇರುವವರಲ್ಲಿ ಆಮ್ಲಜನಕ ಕಡಿಮೆಯಾದಾಗ ಅದು ಗಟ್ಟಿಯಾಗಿ ಕುಡುಗೋಲಿನ ಹಾಗೆ ಬಾಗುತ್ತದೆ. ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಆಗ ಮೂಳೆ, ಎದೆ, ಹೊಟ್ಟೆಯಲ್ಲಿ ತಡೆಯಲಾಗದ ನೋವು ಬರುತ್ತದೆ. ಕಣಗಳು ಬೇಗ ಒಡೆಯುವುದರಿಂದ ರಕ್ತ ಕಡಿಮೆಯಾಗುತ್ತದೆ, ಕಣ್ಣು ಹಳದಿಯಾಗುತ್ತದೆ. ಎಳೆ ಮಕ್ಕಳಿಗೆ ಸೋಂಕು ತಗುಲಿದರೆ ಜೀವಕ್ಕೇ ಅಪಾಯ. ಇಷ್ಟಕ್ಕೆಲ್ಲ ಕಾರಣ, ಕೆಂಪು ಕಣದಲ್ಲಿ ಆಮ್ಲಜನಕ ಹೊರುವ ಹಿಮೋಗ್ಲೋಬಿನ್‌ನ ಬೀಟಾ ಸರಪಳಿಯ 6ನೇ ಜಾಗದಲ್ಲಿ ಆಗಿರುವ ಒಂದೇ ಒಂದು ಬದಲಾವಣೆ.

ಈ ಗುಣ ಅಪ್ಪನಿಂದ ಒಂದು, ಅಮ್ಮನಿಂದ ಒಂದು ಎಂದು ಜೋಡಿಯಾಗಿ ಬಂದರೆ ರೋಗ. ಒಬ್ಬರಿಂದ ಮಾತ್ರ ಬಂದಿದ್ದರೆ ಅವರು ವಾಹಕರು. ವಾಹಕರಿಗೆ ಸಾಮಾನ್ಯವಾಗಿ ಯಾವ ತೊಂದರೆಯೂ ಇಲ್ಲ. ಗೇಯುತ್ತಾರೆ, ಬೆಟ್ಟ ಹತ್ತುತ್ತಾರೆ, ಜೇನು ಇಳಿಸುತ್ತಾರೆ. ತಾವು ವಾಹಕರು ಎಂದು ಪರೀಕ್ಷೆ ಮಾಡಿಸದೆ ಗೊತ್ತಾಗುವುದೇ ಇಲ್ಲ. ಅದಕ್ಕೇ ಇಷ್ಟು ಒದ್ದಾಟ.

ನಮ್ಮ ದೇಶದಲ್ಲಿ ಇದು ಮೊದಲು ಕಂಡದ್ದು 1952ರಲ್ಲಿ, ನೀಲಗಿರಿಯ ಬುಡಕಟ್ಟು ಜನರಲ್ಲಿ. ನೀಲಗಿರಿ ಅಂದರೆ ನಮ್ಮ ಗುಂಡ್ಲುಪೇಟೆ ಗಡಿ ದಾಟಿದರೆ ಸಿಗುವ ಬೆಟ್ಟಗಳು. ನಮ್ಮ ಜಿಲ್ಲೆಯ ಸೋಲಿಗರಲ್ಲಿ ಈ ರೋಗದ ಬಗ್ಗೆ ಕೆಲಸ ಮಾಡಿದ ಹಿರಿಯರಲ್ಲಿ ಬಿಳಿಗಿರಿರಂಗನ ಬೆಟ್ಟದ ಡಾ. ಎಚ್. ಸುದರ್ಶನ್ ಅವರ ಹೆಸರು ಹೇಳಲೇಬೇಕು. 2023ರ ಜುಲೈ 1ರಂದು ಮಧ್ಯಪ್ರದೇಶದ ಶಹಡೋಲ್‌ನಲ್ಲಿ ರಾಷ್ಟ್ರೀಯ ಸಿಕಲ್ ಸೆಲ್ ನಿರ್ಮೂಲನಾ ಅಭಿಯಾನ ಶುರುವಾಯಿತು. 40 ವರ್ಷದೊಳಗಿನ 7 ಕೋಟಿ ಜನರನ್ನು ಪರೀಕ್ಷಿಸಬೇಕು, 2047ರ ಹೊತ್ತಿಗೆ ರೋಗ ಇಲ್ಲವಾಗಬೇಕು ಎಂಬುದು ಅದರ ಗುರಿ. ಪರೀಕ್ಷೆಯ ಕಿಟ್‌ಗಳು, ಫಲಿತಾಂಶ ಬರೆದುಕೊಡುವ ಕಾರ್ಡ್‌ಗಳು ನಮ್ಮ ಕೈಗೆ ಬಂದದ್ದು ಹೀಗೆ.

ಇನ್ನು ಮದುವೆ ವಿಷಯ. ಬಯಲಿನ ಊರುಗಳಲ್ಲಿ ನಿಶ್ಚಿತಾರ್ಥ ಆಗಿ, ಛತ್ರಕ್ಕೆ ಮುಂಗಡ ಕೊಟ್ಟು, ಲಗ್ನಪತ್ರಿಕೆ ಅಚ್ಚಾದ ಮೇಲೆ ಪರೀಕ್ಷೆಗೆ ಬರುತ್ತಾರೆ. ಇಬ್ಬರೂ ವಾಹಕರು ಎಂದು ಆವಾಗ ಗೊತ್ತಾದರೆ ಏನು ಮಾಡಬೇಕು? ಮದುವೆ ನಿಂತರೆ ಮಾತು ಕೇಳಬೇಕಾದವಳು ಹುಡುಗಿ. "ಅವಳ ರಕ್ತದಲ್ಲೇ ದೋಷವಂತೆ" ಅನ್ನುತ್ತಾರೆ. ಹುಡುಗನ ರಕ್ತದಲ್ಲೂ ಅದೇ ಇದೆ ಎಂಬುದು ಯಾರ ಬಾಯಲ್ಲೂ ಬರುವುದಿಲ್ಲ.

ಪೋಡುಗಳಲ್ಲಿ ಕಥೆ ಬೇರೆ. ಸೋಲಿಗರಲ್ಲಿ ಹುಡುಗ ಹುಡುಗಿ ಒಬ್ಬರನ್ನೊಬ್ಬರು ಮೆಚ್ಚಿ ಕಾಡಿಗೆ ಓಡಿಹೋಗುವ ಪದ್ಧತಿ ಮೊದಲಿನಿಂದಲೂ ಇದೆ. ಕೆಲವು ದಿನ ಬಿಟ್ಟು ವಾಪಸ್ ಬರುತ್ತಾರೆ. ಯಜಮಾನರು, ಕುಲದ ಹಿರಿಯರು ಕೂತು ನ್ಯಾಯ ಮಾಡುತ್ತಾರೆ, ತಪ್ಪು ಕಟ್ಟಿಸುತ್ತಾರೆ, ಊಟ ಹಾಕಿಸುತ್ತಾರೆ. ಅಲ್ಲಿಗೆ ಅದು ಎಲ್ಲರೂ ಒಪ್ಪಿದ ಮದುವೆ. ಹೆಣ್ಣಿನ ಇಷ್ಟಕ್ಕೆ ಜಾಗ ಇರುವ ಈ ಪದ್ಧತಿಯ ಬಗ್ಗೆ ನನಗೆ ಗೌರವವಿದೆ. ಆದರೆ ಇಲ್ಲಿ ಮದುವೆ ಮಾತುಕತೆ ನಡೆಯುವುದೇ ಮದುವೆ ಆದ ಮೇಲೆ. ಮದುವೆಗೆ ಮುಂಚೆ ಬನ್ನಿ ಎಂದು ಯಾರನ್ನು ಕರೆಯುವುದು, ಯಾವಾಗ ಕರೆಯುವುದು?

ಹಾಗಾಗಿ ನಾನು ಈಗ ಪರೀಕ್ಷೆಯನ್ನು ಮದುವೆಗೆ ಗಂಟು ಹಾಕುವುದೇ ಇಲ್ಲ. ಮನಸ್ಸು ಒಬ್ಬರ ಮೇಲೆ ನಿಲ್ಲುವ ಮುಂಚೆ ಮಾಡಬೇಕು. ಆಶ್ರಮ ಶಾಲೆ, ಹೈಸ್ಕೂಲು, ಪಿಯುಸಿ ಮತ್ತು ಐಟಿಐ ಮಕ್ಕಳ ಹಾಸ್ಟೆಲ್, ಇವೇ ನಮ್ಮ ಮುಖ್ಯ ಜಾಗ. ಶಾಲೆ ಬಿಟ್ಟವರನ್ನು ಸಂಜೆ ಪೋಡಿನಲ್ಲೇ ಹಿಡಿಯಬೇಕು. ಕಾಫಿ ಕೊಯ್ಲಿನ ಕಾಲದಲ್ಲಿ ಕ್ಯಾಂಪ್ ಹಾಕಿದರೆ ಸುಮ್ನೆ ಡೀಸೆಲ್ ದಂಡ. ಅರ್ಧ ಪೋಡು ಎಸ್ಟೇಟುಗಳಲ್ಲಿ ಕೂಲಿಗೆ ಹೋಗಿರುತ್ತದೆ. ಹದಿನೆಂಟು ತುಂಬದ ಮಕ್ಕಳಿಗೆ ಅಪ್ಪ ಅಮ್ಮನ ಒಪ್ಪಿಗೆ ಬೇಕು. ಅದಕ್ಕೆ ಮಕ್ಕಳನ್ನು ಹಾಸ್ಟೆಲ್‌ಗೆ ಬಿಡಲು ಹೆತ್ತವರು ಬರುವ ಜೂನ್ ತಿಂಗಳು ಅನುಕೂಲ.

ಮೊದಲು ಹುಡುಗರನ್ನು ಕೂರಿಸುತ್ತೇನೆ. ಇದು ನನ್ನ ನಿಯಮ. ಹುಡುಗಿಯರನ್ನು ಮೊದಲು ಕರೆದರೆ ಇದು ಹೆಣ್ಣಿನ ದೋಷ ಹುಡುಕುವ ಪರೀಕ್ಷೆ ಎಂದು ಊರೆಲ್ಲ ಆಗುತ್ತದೆ. ಹುಡುಗರು ಬೆರಳು ಚುಚ್ಚಿಸಿಕೊಂಡು ನಗುತ್ತಾ ಎದ್ದು ಹೋದರೆ ಮಿಕ್ಕವರು ತಾವಾಗಿಯೇ ಸಾಲಿಗೆ ನಿಲ್ಲುತ್ತಾರೆ.

ಪರೀಕ್ಷೆ ಕಷ್ಟದ್ದೇನಲ್ಲ. ಆದರೆ ಗಮನ ಬೇಕು. ಸಾಲ್ಯುಬಿಲಿಟಿ ಪರೀಕ್ಷೆಯಲ್ಲಿ ಪುಟ್ಟ ಗಾಜಿನ ನಳಿಕೆಗೆ 2 ಮಿ.ಲೀ. ದ್ರಾವಣ ಹಾಕಿ, ಬೆರಳಿನಿಂದ ತೆಗೆದ 20 ಮೈಕ್ರೋಲೀಟರ್ ರಕ್ತ ಬೆರೆಸುತ್ತೇವೆ. ಐದು ನಿಮಿಷ ಬಿಟ್ಟು, ಕಪ್ಪು ಗೆರೆ ಎಳೆದ ಬಿಳಿ ಹಾಳೆಯ ಮುಂದೆ ಹಿಡಿದು ನೋಡುತ್ತೇವೆ. ನಳಿಕೆಯ ಆಚೆಗಿನ ಗೆರೆ ಸ್ಪಷ್ಟವಾಗಿ ಕಂಡರೆ ಸಿಕಲ್ ಹಿಮೋಗ್ಲೋಬಿನ್ ಇಲ್ಲ. ದ್ರಾವಣ ಮಬ್ಬಾಗಿ ಗೆರೆ ಮುಚ್ಚಿಹೋದರೆ ಇದೆ. ದ್ರಾವಣದಲ್ಲಿರುವ ಡೈಥಯೋನೈಟ್ ಎಂಬ ರಾಸಾಯನಿಕ ಗಾಳಿ ತಾಗಿದರೆ ಬೇಗ ಕೆಡುತ್ತದೆ. ಹಾಗಾಗಿ ಪ್ರತಿ ಸಲ ಶುರು ಮಾಡುವ ಮುಂಚೆ, ಇದೆ ಎಂದು ಗೊತ್ತಿರುವ ಒಂದು ರಕ್ತ, ಇಲ್ಲ ಎಂದು ಗೊತ್ತಿರುವ ಒಂದು ರಕ್ತ, ಎರಡನ್ನೂ ಹಾಕಿ ನೋಡಿಕೊಳ್ಳಲೇಬೇಕು. ರಕ್ತ ತುಂಬಾ ಕಡಿಮೆ ಇರುವವರಲ್ಲಿ, ಆರು ತಿಂಗಳೊಳಗಿನ ಕೂಸುಗಳಲ್ಲಿ ಈ ಪರೀಕ್ಷೆ "ಇಲ್ಲ" ಎಂದು ಸುಳ್ಳು ಹೇಳಬಹುದು. ಈಗ ಸ್ಥಳದಲ್ಲೇ ಫಲಿತಾಂಶ ಕೊಡುವ ಪಟ್ಟಿ ಕಿಟ್‌ಗಳೂ ಬಂದಿವೆ.

ಗೆರೆ ಮುಚ್ಚಿತು ಅಂದ ಮಾತ್ರಕ್ಕೆ ರೋಗ ಎಂದು ಹೇಳಿಬಿಡಬಾರದು. ವಾಹಕನೋ ರೋಗಿಯೋ ಎಂದು ಈ ಪರೀಕ್ಷೆಗೆ ಗೊತ್ತಾಗುವುದಿಲ್ಲ. ಅದಕ್ಕೆ ತೋಳಿನಿಂದ ರಕ್ತ ತೆಗೆದು, ನೇರಳೆ ಮುಚ್ಚಳದ ಟ್ಯೂಬಿನಲ್ಲಿ, ತಣ್ಣನೆ ಡಬ್ಬದಲ್ಲಿಟ್ಟು ಎಚ್‌ಪಿಎಲ್‌ಸಿ ಪರೀಕ್ಷೆಗೆ ಕಳಿಸುತ್ತೇವೆ. ಯಾವ ಹಿಮೋಗ್ಲೋಬಿನ್ ಎಷ್ಟಿದೆ ಎಂದು ಅದು ಲೆಕ್ಕ ಕೊಡುತ್ತದೆ. ಜೊತೆಗೆ ಬೀಟಾ ಥಲಸೇಮಿಯಾ ವಾಹಕರೂ ಅದರಲ್ಲಿ ಸಿಗುತ್ತಾರೆ. ಅದೂ ಹೆತ್ತವರಿಂದ ಬರುವ ಹಿಮೋಗ್ಲೋಬಿನ್ ತೊಂದರೆಯೇ. ಇದು ಮುಖ್ಯ. ಒಬ್ಬರು ಸಿಕಲ್ ಸೆಲ್ ವಾಹಕ, ಇನ್ನೊಬ್ಬರು ಥಲಸೇಮಿಯಾ ವಾಹಕ ಆಗಿದ್ದರೂ ಮಗುವಿಗೆ ಸಿಕಲ್ ಸೆಲ್ ರೋಗ ಬರಬಹುದು. ಬರೀ ನಳಿಕೆ ಪರೀಕ್ಷೆ ನಂಬಿ "ಹುಡುಗನಿಗೆ ಏನೂ ಇಲ್ಲ" ಎಂದರೆ ಇದು ತಪ್ಪಿಹೋಗುತ್ತದೆ.

ಎಚ್‌ಪಿಎಲ್‌ಸಿ ವರದಿ ಬರುವುದು ತಡವಾಗುತ್ತದೆ. ಒಬ್ಬ ಹುಡುಗಿಯ ವರದಿ ಲ್ಯಾಬಿನಿಂದ ಬಂದಾಗ ಅವಳು ಆಗಲೇ ಬಸಿರಾಗಿ, ಕೈಯಲ್ಲಿ ತಾಯಿ ಕಾರ್ಡ್ ಹಿಡಿದು ನನ್ನ ಎದುರು ಕೂತಿದ್ದಳು. ಆ ಸಿಟ್ಟು ನನಗೆ ಇನ್ನೂ ಹೋಗಿಲ್ಲ. ವರದಿ ಬಂದ ಕೂಡಲೇ ತಲುಪಿಸದಿದ್ದರೆ ಪರೀಕ್ಷೆ ಮಾಡಿಯೂ ಮಾಡದ ಹಾಗೆ.

ಈಗ ಮಾತಿನ ಕೆಲಸ. ಜಾಸ್ತಿ ಸಮಯ ಹಿಡಿಯುವುದು ಇದೇ, ಹಿಡಿಯಲೂ ಬೇಕು.

25 ಪರ್ಸೆಂಟ್, 50 ಪರ್ಸೆಂಟ್ ಎಂದು ಚಾರ್ಟ್ ತೋರಿಸಿದರೆ ತಲೆ ಆಡಿಸುತ್ತಾರೆ, ಎದ್ದು ಹೋಗುತ್ತಾರೆ. ನಾನು ಚೀಲದಲ್ಲಿ ಒಡೆದ ಹುಣಸೆ ಬೀಜ ಇಟ್ಟುಕೊಂಡಿರುತ್ತೇನೆ. ಚೌಕಾಬಾರ ಆಡುವವರಿಗೆಲ್ಲ ಅದು ಗೊತ್ತು. ಒಂದು ಮಗ್ಗುಲು ಕಪ್ಪು, ಒಂದು ಮಗ್ಗುಲು ಬಿಳಿ. ಎರಡು ಹೋಳು ಹುಡುಗ ಹುಡುಗಿಯ ಕೈಗೆ ಒಂದೊಂದು ಕೊಡುತ್ತೇನೆ. "ಇದು ಅಪ್ಪನ ಬೀಜ, ಇದು ಅಮ್ಮನ ಬೀಜ. ನೀವಿಬ್ಬರೂ ವಾಹಕರು ಅಂದುಕೊಳ್ಳಿ. ಒಟ್ಟಿಗೆ ಹಾಕಿ" ಅನ್ನುತ್ತೇನೆ. ಎರಡೂ ಬಿಳಿ ಬಿದ್ದರೆ ಮಗುವಿಗೆ ಏನೂ ಇಲ್ಲ. ಒಂದು ಕಪ್ಪು ಒಂದು ಬಿಳಿ ಬಿದ್ದರೆ ನಿಮ್ಮ ಹಾಗೇ ವಾಹಕ. ಎರಡೂ ಕಪ್ಪು ಬಿದ್ದರೆ ರೋಗ. ನಾಲ್ಕರಲ್ಲಿ ಒಂದು ಪಾಲು ಅಂದರೆ ಇದು.

ಒಂದು ಸಲ ಒಬ್ಬ ಹುಡುಗ ಹಾಕಿದಾಗ ಮೊದಲ ಸಲವೇ ಎರಡೂ ಕಪ್ಪು ಬಿತ್ತು. "ಹಂಗಾರೆ ಮುಂದಿನ ಮೂರು ಮಕ್ಕಳಿಗೆ ಬರಲ್ಲ ಅಲ್ವಾ ಮೇಡಂ?" ಎಂದ. ಮತ್ತೆ ಹಾಕು ಎಂದೆ. ಮತ್ತೆ ಎರಡೂ ಕಪ್ಪು. ಅವನ ಮುಖ ಸಣ್ಣದಾಯಿತು. ಪ್ರತಿ ಬಸಿರಿಗೂ ಹೊಸದಾಗಿಯೇ ಬೀಜ ಬೀಳುತ್ತದೆ, ಹಿಂದಿನ ಮಗುವಿನ ಲೆಕ್ಕ ಮುಂದಿನ ಮಗುವಿಗೆ ಇಲ್ಲ ಎಂದು ನಾನು ಆಮೇಲೆ ಬಿಡಿಸಿ ಹೇಳಬೇಕಾಗಲೇ ಇಲ್ಲ. ಕೊನೆಗೆ ಒಂದು ಹೋಳಿನ ಎರಡೂ ಮಗ್ಗುಲಿಗೆ ಸುಣ್ಣ ಹಚ್ಚಿ ಕೊಡುತ್ತೇನೆ. ಇವನು ವಾಹಕನಲ್ಲ, ಈಗ ಹಾಕಿ. ಎಷ್ಟು ಸಲ ಹಾಕಿದರೂ ಎರಡು ಕಪ್ಪು ಬೀಳುವುದಿಲ್ಲ. ವಾಹಕರು ವಾಹಕರಲ್ಲದವರನ್ನು ಮದುವೆಯಾದರೆ ಮಗುವಿಗೆ ಈ ರೋಗ ಬರುವುದಿಲ್ಲ ಎಂಬುದು ಅಲ್ಲೇ ಕಣ್ಣಿಗೆ ಕಾಣುತ್ತದೆ.

ಹಿರಿಯರ ಪ್ರಶ್ನೆಗಳು ಬೇರೆ ಥರ. ಒಬ್ಬ ಯಜಮಾನರು ಕೇಳಿದರು: "ನಾವು ಒಂದೇ ಕುಲದೊಳಗೆ ಹೆಣ್ಣು ಕೊಡಲ್ಲ, ತರಲ್ಲ ಕಣವ್ವ. ಕುಲ ಬೇರೆ ಆದ ಮೇಲೆ ಇದು ಹೆಂಗೆ ಜೊತೆಯಾಯ್ತದೆ?" ಒಳ್ಳೆಯ ಪ್ರಶ್ನೆ. ಕುಲ ಬೇರೆಯಾದರೂ ಸಂಬಂಧ ಬೆಳೆಸುವುದು ಸೋಲಿಗರೊಳಗೇ. ತಲೆತಲಾಂತರದಿಂದ ಆ ಕುಲದ ಹೆಣ್ಣು ಈ ಕುಲಕ್ಕೆ, ಈ ಕುಲದ ಹೆಣ್ಣು ಆ ಕುಲಕ್ಕೆ ಹೋಗಿದ್ದಾರೆ. ಗುಣವೂ ಅವರ ಜೊತೆಗೇ ಹೋಗಿದೆ. ಹೀಗೆಂದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾರೆ ಕುಲ ಕೇಳೋ ಹಂಗೆ ಕಾರ್ಡೂ ಕೇಳಬೇಕು ಅನ್ನು" ಎಂದರು.

ಆ ಮಾತನ್ನು ನಾನು ಆಮೇಲೆ ಎಲ್ಲ ಪೋಡುಗಳಲ್ಲೂ ಬಳಸಿದ್ದೇನೆ, ಒಂದು ಮಾತು ಸೇರಿಸಿ. ಯಾವ ಕುಲವೂ ಕೀಳಲ್ಲ, ಇಬ್ಬರದೂ ಒಂದೇ ಆಗಬಾರದು ಅಷ್ಟೇ. ವಾಹಕರ ವಿಷಯವೂ ಹಾಗೇ. ವಾಹಕಿ ಎಂಬ ಕಾರಣಕ್ಕೆ ಹುಡುಗಿಯನ್ನು ಬೇಡ ಅನ್ನುವುದರಲ್ಲಿ ಅರ್ಥವೇ ಇಲ್ಲ. ಇಬ್ಬರೂ ವಾಹಕರಾದಾಗ ಮಾತ್ರ ಕೂತು ಯೋಚನೆ ಮಾಡಬೇಕು.

"ಯಾರ ಶಾಪ ಇದು?" ಎಂದು ಕೇಳುವ ಅಜ್ಜಿಯರೂ ಇದ್ದಾರೆ. ಶಾಪ ಅಲ್ಲ ಅಜ್ಜಿ, ಕಾಡಿನಲ್ಲಿ ಮಲೇರಿಯಾ ಮಕ್ಕಳನ್ನು ತಿನ್ನುತ್ತಿದ್ದ ಕಾಲದಲ್ಲಿ ಈ ಗುಣ ಒಂದು ಇದ್ದವರು ಜಾಸ್ತಿ ಉಳಿದುಕೊಂಡರು, ಅದಕ್ಕೇ ಇದು ನಿಮ್ಮಲ್ಲಿ ಉಳಿದಿದೆ ಅನ್ನುತ್ತೇನೆ. ಇದು ಸಮಾಧಾನಕ್ಕೆ ಹೇಳುವ ಮಾತಲ್ಲ, ವಿಜ್ಞಾನ ತೋರಿಸಿರುವ ನಿಜ. ಆಫ್ರಿಕಾದಲ್ಲೂ ಮಲೇರಿಯಾ ಹೆಚ್ಚಿದ್ದ ಕಡೆಯೇ ಈ ಗುಣ ಹೆಚ್ಚು.

ಇಬ್ಬರೂ ವಾಹಕರು ಎಂದು ಗೊತ್ತಾದ ಜೋಡಿಗೆ ನಾನು "ಬೇಡ" ಎಂದು ಹೇಳುವುದಿಲ್ಲ. ಹೇಳುವ ಅಧಿಕಾರ ನನಗಿಲ್ಲ, ಪಂಚಾಯಿತಿಗೂ ಇಲ್ಲ. ದಾರಿಗಳನ್ನು ಮುಂದಿಡುತ್ತೇನೆ. ಬೇರೆ ಸಂಬಂಧ ನೋಡುವುದು ಒಂದು. ಮದುವೆಯಾಗಿ, ಬಸಿರಾದ ಕೂಡಲೇ ನಮಗೆ ತಿಳಿಸಿ ಗರ್ಭದಲ್ಲೇ ಪರೀಕ್ಷೆ ಮಾಡಿಸುವುದು ಇನ್ನೊಂದು. ಮೂರನೇ ತಿಂಗಳಲ್ಲಿ ಮಾಸಿನ ಚೂರು ತೆಗೆದೋ ನಾಲ್ಕನೇ ತಿಂಗಳಲ್ಲಿ ಗರ್ಭದ ನೀರು ತೆಗೆದೋ ದೊಡ್ಡ ಆಸ್ಪತ್ರೆಯಲ್ಲಿ ನೋಡುತ್ತಾರೆ. ಮಗುವಿಗೆ ರೋಗವಿದ್ದರೆ ಮುಂದುವರಿಸುವುದೋ ಬಿಡುವುದೋ ಆ ತಾಯಿಯೇ ತೀರ್ಮಾನ ಮಾಡಬೇಕು. ಯಾವುದೂ ಬೇಡ, ಮಗು ಹೇಗಿದ್ದರೂ ಸಾಕುತ್ತೇವೆ ಅನ್ನುವವರೂ ಇದ್ದಾರೆ. ಅವರಿಗೆ ಹೇಳುವುದಿಷ್ಟು: ಹುಟ್ಟಿದ ಕೂಡಲೇ ಎಚ್‌ಪಿಎಲ್‌ಸಿ ಪರೀಕ್ಷೆ ಮಾಡಿಸೋಣ. ರೋಗವಿದ್ದರೆ ಎರಡು ತಿಂಗಳಿನಿಂದಲೇ ಪೆನಿಸಿಲಿನ್, ನ್ಯುಮೋಕಾಕಲ್ ಲಸಿಕೆ, ಆಮೇಲೆ ವೈದ್ಯರು ಹೇಳಿದ ಹಾಗೆ ಹೈಡ್ರಾಕ್ಸಿಯೂರಿಯಾ ಎಂಬ ಔಷಧಿ. ಜ್ವರ ಬಂದರೆ ಬೆಳಗಾಗುವ ತನಕ ಕಾಯಬಾರದು. ಹೀಗೆ ನೋಡಿಕೊಂಡ ಮಕ್ಕಳು ಬೆಳೆದು ಶಾಲೆಗೆ ಹೋಗುತ್ತಿದ್ದಾರೆ.

ಫಲಿತಾಂಶ ಹೇಳುವಾಗ ಒಬ್ಬೊಬ್ಬರನ್ನೇ ಕರೆದು ಹೇಳಬೇಕು. ಹಾಸ್ಟೆಲ್ ವರಾಂಡದಲ್ಲಿ ಹೆಸರು ಕೂಗಿ ಕಾರ್ಡ್ ಹಂಚಬಾರದು. "ನಮ್ಮ ಪೋಡಿನಲ್ಲಿ ಯಾರ್‍ಯಾರಿಗೆ ಇದೆ, ಪಟ್ಟಿ ಕೊಡಿ" ಎಂದು ಕೇಳುವವರು ಬರುತ್ತಾರೆ. ಒಳ್ಳೆಯ ಮನಸ್ಸಿನಿಂದಲೇ ಕೇಳುತ್ತಾರೆ. ಆದರೂ ಕೊಡುವುದಿಲ್ಲ. ಚಿಕ್ಕ ವಯಸ್ಸಿನಲ್ಲಿ ಪರೀಕ್ಷೆಯಾದ ಮಕ್ಕಳಿಗೆ ಹದಿನೆಂಟರ ಹೊತ್ತಿಗೆ ಇನ್ನೊಂದು ಸಲ ಕೂರಿಸಿಕೊಂಡು ಹೇಳಬೇಕು. ಹದಿಮೂರಕ್ಕೆ ಕೇಳಿದ್ದು ಆಗ ನೆನಪಿರುವುದಿಲ್ಲ.

ಬಯಲಿನವರೂ, ಪೇಟೆಯವರೂ ಇದನ್ನು ಓದುತ್ತಿದ್ದರೆ, ನಿಮ್ಮ ಮನೆಯಲ್ಲಿ ಯಾರಿಗಾದರೂ ಸಿಕಲ್ ಸೆಲ್ ಅಥವಾ ಥಲಸೇಮಿಯಾ ಇದ್ದರೆ ನೇರವಾಗಿ ಎಚ್‌ಪಿಎಲ್‌ಸಿ ಮಾಡಿಸಿ ಎಂದೇ ಕೇಳಿ. ರಕ್ತ ಹಾಕಿಸಿಕೊಂಡಿದ್ದರೆ ಮೂರು ತಿಂಗಳು ಬಿಟ್ಟು ಮಾಡಿಸಿ, ಇಲ್ಲದಿದ್ದರೆ ಬೇರೆಯವರ ರಕ್ತದ ಲೆಕ್ಕವೂ ಸೇರಿಬಿಡುತ್ತದೆ. ಈ ಗುಣ ಹುಟ್ಟಿನಿಂದ ಬಂದದ್ದು, ಬದಲಾಗುವುದಿಲ್ಲ. ಸರಿಯಾಗಿ ಒಂದು ಸಲ ಮಾಡಿಸಿದರೆ ಸಾಕು. ವರದಿಯ ಫೋಟೊ ತೆಗೆದು ಫೋನಿನಲ್ಲಿ ಇಟ್ಟುಕೊಳ್ಳಿ, ಕಾಗದವನ್ನು ಆಧಾರ್ ಜೊತೆ ಇಡಿ. ವಾಹಕರು ಎಂದು ಬಂದರೆ ಅಣ್ಣ ತಮ್ಮ, ಅಕ್ಕ ತಂಗಿಯರನ್ನೂ ಅದೇ ವಾರ ಕಳಿಸಿ.