ಮಗಳಿಗೆ ಸಣ್ಣದಾದ ಪೋನಿಯನ್ನು ನಾವು ಮಾರಿದ ಬಗೆ

ನಮ್ಮ ಪೋನಿ, ಅಂದರೆ ಗಿಡ್ಡ ಜಾತಿಯ ಕುದುರೆ, ಚಿಗರಿಯನ್ನು ಇನ್ನು ಇಟ್ಟುಕೊಳ್ಳುವಂತಿಲ್ಲ ಎಂದು ನಮಗೆ ಖಾತ್ರಿ ಮಾಡಿಕೊಟ್ಟದ್ದು ದರ್ಜಿಯವರ ಒಂದು ಟೇಪು. ಮಗಳಿಗೆ ಹದಿನಾಲ್ಕು ತುಂಬಿ ಎತ್ತರ ಒಮ್ಮೆಲೇ ಏರಿತ್ತು. ಜೀನಿನ ಮೇಲೆ ಕೂತರೆ ಅವಳ ಹಿಮ್ಮಡಿ ಪೋನಿಯ ಹೊಟ್ಟೆ ದಾಟಿ ಕೆಳಗಿಳಿಯುತ್ತಿತ್ತು. ಅದು ನಮಗೆಲ್ಲ ಕಾಣುತ್ತಿತ್ತು, ಅವಳಿಗೆ ಮಾತ್ರ ಒಪ್ಪಿಗೆ ಇರಲಿಲ್ಲ. ಹಾಗಾಗಿ ಅಳತೆಗೆ ಇಳಿದೆವು. ಮುಂಗಾಲಿನ ಹಿಂದೆ ಎದೆಯ ಸುತ್ತಳತೆ 150 ಸೆಂಟಿಮೀಟರ್. ಎದೆಯ ಮುಂಭಾಗದಿಂದ ಪೃಷ್ಠದ ಎಲುಬಿನವರೆಗೆ ಉದ್ದ 138. ಸುತ್ತಳತೆಯನ್ನು ಸುತ್ತಳತೆಯಿಂದಲೇ ಗುಣಿಸಿ, ಅದನ್ನು ಉದ್ದದಿಂದ ಗುಣಿಸಿ, 11,880ರಿಂದ ಭಾಗಿಸಿದರೆ ಕುದುರೆಯ ತೂಕ ಹೆಚ್ಚುಕಡಿಮೆ ಕಿಲೋದಲ್ಲಿ ಸಿಗುತ್ತದೆ. ನಮಗೆ ಬಂದದ್ದು 261. ಸವಾರ, ಜೀನು, ಬೂಟು, ಹೆಲ್ಮೆಟ್ ಎಲ್ಲ ಸೇರಿ ಕುದುರೆಯ ತೂಕದ ಐದನೇ ಒಂದು ಪಾಲು ಮೀರಬಾರದು ಎಂಬುದು ಬಲ್ಲವರು ಪಾಲಿಸುವ ಮಿತಿ. ಅಂದರೆ 52 ಕಿಲೋ. ಮಗಳೊಬ್ಬಳೇ 49 ಇದ್ದಳು, ಉಳಿದ ಸಾಮಾನು ಎಂಟು. ಅವಳು ತಾನೇ ಕೂಡಿಸಿ ನೋಡಿ ಪೆನ್ನು ಕೆಳಗಿಟ್ಟಳು. ಅಲ್ಲಿಂದ ಮುಂದೆ ‘ಯಾಕ ಮಾರಬೇಕವ್ವಾ’ ಅನ್ನುವ ಪ್ರಶ್ನೆ ಬರಲಿಲ್ಲ, ‘ಯಾರಿಗೆ’ ಅನ್ನುವುದು ಬಂತು.

ನಡೆದಾಡಿಸುವ ಕುದುರೆಯಾಗಿದ್ದರೆ ಇನ್ನೊಂದು ವರ್ಷ ತಳ್ಳಬಹುದಿತ್ತು. ಚಿಗರಿ ಶೋ ಜಂಪಿಂಗಿನ ಪೋನಿ. ಅಡ್ಡಗಂಬ ಹಾರಿ ಇಳಿಯುವಾಗ ಇಡೀ ಭಾರ ಮೊದಲು ಮುಂಗಾಲುಗಳ ಮೇಲೆ ಬೀಳುತ್ತದೆ. ಮಿತಿ ಮೀರಿದ ಭಾರ ಹೊತ್ತು ಹಾರಿದ ಪೋನಿ ತಕ್ಷಣ ಕುಂಟುವುದಿಲ್ಲ, ಸ್ನಾಯುವನ್ನು ಎಲುಬಿಗೆ ಬಿಗಿಯುವ ಸ್ನಾಯುರಜ್ಜು ಒಳಗೊಳಗೇ ಸವೆಯುತ್ತದೆ. ಕುಂಟತೊಡಗಿದ ಮೇಲೆ ಮಾರಲು ಹೊರಡುವುದು ಕೊಳ್ಳುವವರಿಗೂ ಆ ಜೀವಕ್ಕೂ ಅನ್ಯಾಯ. ಗಟ್ಟಿಯಾಗಿದ್ದಾಗಲೇ ಮುಂದಿನ ಮಗುವಿನ ಕೈಗೆ ಒಪ್ಪಿಸಬೇಕು ಎಂದು ಮನೆಯಲ್ಲಿ ತೀರ್ಮಾನಿಸಿದೆವು.

ನಮ್ಮ ಭಾಗದಲ್ಲಿ ಕುದುರೆ ಕೊಳ್ಳುವವರು ಯಾರು ಎಂಬುದು ಹುಬ್ಬಳ್ಳಿ-ಧಾರವಾಡದವರಿಗೆ ಹೊಸದಲ್ಲ. ಒಂದು, ಮದುವೆ ಮೆರವಣಿಗೆಯವರು. ಇನ್ನೊಂದು, ಬೆಳಗಾವಿ, ಬಾಗಲಕೋಟೆ, ವಿಜಯಪುರ ಕಡೆಯ ಕುದುರೆಗಾಡಿ ಶರ್ಯತ್ತಿನವರು. ಮೂರನೆಯವರು ದಲ್ಲಾಳಿಗಳು, ಇವರ ಸಂಪರ್ಕ ದೀಪಾವಳಿ ಹೊತ್ತಿಗೆ ಸೊಲ್ಲಾಪುರ ಜಿಲ್ಲೆಯ ಅಕಲೂಜಿನಲ್ಲಿ ಸೇರುವ ಕುದುರೆ ಬಜಾರದವರೆಗೂ ಇರುತ್ತದೆ. ಮಾರುವ ಸುದ್ದಿ ಹೊರಬಿದ್ದದ್ದೇ ತಡ, ಮೊದಲು ಬಂದವರು ಈ ಮೂರನೆಯವರೇ.

ಬಂದ ಹಿರಿಯರೊಬ್ಬರು ಒಳ್ಳೆಯ ಮನುಷ್ಯ, ಕುದುರೆ ಬಲ್ಲವರು. ಚಿಗರಿಯ ಬಾಯಿ ಬಿಡಿಸಿ ಹಲ್ಲು ನೋಡಿದರು. ಐದು ವರ್ಷಕ್ಕೆ ಕುದುರೆ ಬಾಯಿಗೂಡುತ್ತದೆ, ಅಂದರೆ ಹಾಲುಹಲ್ಲು ಹೋಗಿ ಶಾಶ್ವತ ಹಲ್ಲೆಲ್ಲ ಬಂದಿರುತ್ತವೆ. ಆಮೇಲೆ ವಯಸ್ಸು ಹೇಳಲು ಹಲ್ಲಿನ ಸವಕಳಿ ನೋಡಬೇಕು. ಹತ್ತರ ಸುಮಾರಿಗೆ ಮೇಲ್ದವಡೆಯ ಮೂಲೆಯ ಬಾಚಿಹಲ್ಲಿನ ಬುಡದಲ್ಲಿ ಕಂದು ಗೆರೆಯೊಂದು ಮೂಡುತ್ತದೆ, ಹದಿನೈದಕ್ಕೆ ಹಲ್ಲಿನ ಅರ್ಧಕ್ಕೆ ಇಳಿಯುತ್ತದೆ, ಇಪ್ಪತ್ತರ ಹೊತ್ತಿಗೆ ತುದಿ ಮುಟ್ಟುತ್ತದೆ. ಆ ಗೆರೆ ಈಗಷ್ಟೇ ಮೂಡಿದ್ದನ್ನು ನೋಡಿ ‘ಹನ್ನೊಂದು’ ಎಂದರು. ಚಿಗರಿಯ ಗುರುತಿನ ಪುಸ್ತಕವಾದ ಪಾಸ್‌ಪೋರ್ಟಿನಲ್ಲೂ ಅಷ್ಟೇ ಇತ್ತು. ನಂತರ ಮೈಮೇಲಿನ ಕೂದಲ ಸುಳಿ ನೋಡತೊಡಗಿದರು. ಗಂಟಲ ಮೇಲಿನ ದೇವಮಣಿ ಶುಭ, ಕಣ್ಣಿನ ಕೆಳಗೆ ಸುಳಿ ಇದ್ದರೆ ಕಣ್ಣೀರು ತರಿಸುತ್ತದೆ, ನಾಲ್ಕೂ ಕಾಲು ಬಿಳಿ, ಮುಖದ ಮೇಲೆ ಬಿಳಿ ಪಟ್ಟಿ ಇದ್ದರೆ ಪಂಚಕಲ್ಯಾಣಿ. ನಾನು ಸುಳಿಶಾಸ್ತ್ರ ನಂಬುವವಳಲ್ಲ, ಆದರೆ ಅವರ ಕಣ್ಣಿನ ಸೂಕ್ಷ್ಮಕ್ಕೆ ಕೈ ಮುಗಿದೆ. ಕುದುರೆಯ ಪಾಸ್‌ಪೋರ್ಟಿನ ಚಿತ್ರದಲ್ಲಿ ವೈದ್ಯರು ಗುರುತು ಹಾಕುವುದೂ ಇವೇ ಸುಳಿಗಳನ್ನು, ಇವೇ ಬಿಳಿ ಕಲೆಗಳನ್ನು. ಸುಳಿಗಳ ಜಾಗ ಹುಟ್ಟಿನಿಂದ ಸಾವಿನವರೆಗೆ ಬದಲಾಗುವುದಿಲ್ಲ.

ಅವರು ಹೇಳಿದ ಬೆಲೆ ನಾನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದಕ್ಕಿಂತ ಹೆಚ್ಚಿತ್ತು.

‘ಅಕ್ಕಾರ, ಮದವಿ ಸೀಜನ್ ಬಂತ್ರಿ. ಮೂರು ಲಕ್ಷಕ್ಕ ಗಿರಾಕಿ ತಯಾರ ಅದಾನ. ಹೂಂ ಅನ್ರಿ, ಸಂಜಿಕಿ ಸಂಚಕಾರ ಕೊಡಸ್ತೇನಿ.’

‘ಕಾಕಾರ, ಇದು ಮಕ್ಕಳ ಕುದರಿ ಐತ್ರಿ. ಬ್ಯಾಂಡು, ಪಟಾಕಿ, ರಾತ್ರಿಯೆಲ್ಲಾ ಟಾರ್ ರಸ್ತೆದಾಗ ನಿಂದ್ರೂದು ಇದರ ಜೀವಕ್ಕ ಒಗ್ಗೂದಿಲ್ರಿ.’

ಅವರು ಬೇಸರಪಡಲಿಲ್ಲ. ಚಹಾ ಕುಡಿದು, ಬೆಂಗಳೂರಿನ ಕಡೆ ಮಕ್ಕಳಿಗಾಗಿ ಕೊಳ್ಳುವವರು ಇರುತ್ತಾರೆ, ಅತ್ತ ನೋಡ್ರಿ ಎಂದು ದಾರಿ ತೋರಿಸಿಯೇ ಹೋದರು. ಶರ್ಯತ್ತಿನವರಿಗೆ ಚಿಗರಿ ಹೇಗೂ ಬೇಕಾಗಿರಲಿಲ್ಲ. ಅವರು ಎಳೆಯ, ಆಗಷ್ಟೇ ಬಾಯಿಗೂಡಿದ ಕುದುರೆ ಹುಡುಕುತ್ತಾರೆ. ಸವಾರಿ ಕಲಿಯುವ ಮಗುವಿಗೆ ಮಾತ್ರ ಲೆಕ್ಕ ತಿರುಗುಮುರುಗು. ಹತ್ತು ವರ್ಷದ ಸವಾರನಿಗೆ ಐದು ವರ್ಷದ ಪೋನಿ ಕೊಡುವುದು ಸರಿಯಲ್ಲ, ಇಬ್ಬರಲ್ಲಿ ಒಬ್ಬರಿಗಾದರೂ ಕೆಲಸ ಗೊತ್ತಿರಬೇಕು. ಹನ್ನೊಂದು ವರ್ಷದ, ಮೈದಾನ ಕಂಡ, ಮಗು ಸಮತೋಲ ತಪ್ಪಿದರೆ ತಾನೇ ವೇಗ ತಗ್ಗಿಸುವ ಪೋನಿಯ ಬೆಲೆ ಗೊತ್ತಿರುವುದು ಅಂಥ ಮನೆಯವರಿಗೇ.

ಜಾಹೀರಾತನ್ನು ನಾನೂ ಮಗಳೂ ಕೂತು ಬರೆದೆವು. ಎತ್ತರ ಮೊದಲು ಬರೆದೆವು, ಏಕೆಂದರೆ ಅದರ ಮೇಲೆಯೇ ಎಲ್ಲ ನಿಂತಿದೆ. ಜೀನಿನ ಮುಂದೆ ಉಬ್ಬಿ ಕಾಣುವ ಹೆಗಲ ಎಲುಬಿನಿಂದ ನೆಲಕ್ಕೆ ಅಳೆಯಬೇಕು, ಸಮತಟ್ಟಾದ ಕಲ್ಲುಹಾಸಿನ ಮೇಲೆ. ಅಂತರರಾಷ್ಟ್ರೀಯ ನಿಯಮದಲ್ಲಿ ಲಾಳವಿಲ್ಲದೆ 148 ಸೆಂಟಿಮೀಟರಿನೊಳಗೆ ಇದ್ದರೆ ಪೋನಿ, ಮೀರಿದರೆ ಕುದುರೆ. ಚಿಗರಿ 134. ಹಾರಿದ ಎತ್ತರವನ್ನು ಮನೆಯಲ್ಲಿ ಹಾರಿದ್ದು ಬೇರೆ, ಸ್ಪರ್ಧೆಯಲ್ಲಿ ಹಾರಿದ್ದು ಬೇರೆ ಎಂದು ಬಿಡಿಸಿ ಬರೆದೆವು. ಭೀಮಾ ತೀರದ ಭೀಮಥಡಿ ತಳಿಯ ರಕ್ತ ಇದೆ ಎಂದು ನಮಗೆ ಕೊಟ್ಟವರು ಬಾಯಿಮಾತಿನಲ್ಲಿ ಹೇಳಿದ್ದರು. ಅದಕ್ಕೆ ಕಾಗದ ಇರಲಿಲ್ಲ, ಹಾಗಾಗಿ ಬರೆಯಲಿಲ್ಲ.

ಕುಂದುಗಳ ಪಟ್ಟಿಯನ್ನು ಮಗಳೇ ಮಾಡಿದಳು, ನನಗಿಂತ ಅವಳಿಗೇ ಹೆಚ್ಚು ಗೊತ್ತಿತ್ತು. ಜೀನಿನ ಪಟ್ಟಿ ಬಿಗಿಯುವಾಗ ಹೊಟ್ಟೆ ಉಬ್ಬಿಸುತ್ತಾಳೆ, ನಾಲ್ಕು ಹೆಜ್ಜೆ ನಡೆಸಿ ಮತ್ತೊಮ್ಮೆ ಬಿಗಿಯಬೇಕು. ನೀಲಿ ತಾಡಪತ್ರಿ ಗಾಳಿಗೆ ಪಟಪಟ ಅಂದರೆ ಹೆದರುತ್ತಾಳೆ. ಗಂಬದ ಕೆಳಗೆ ನೀರಿನ ಟ್ರೇ ಇಟ್ಟರೆ ಮೊದಲ ಸಲ ನಿಂತೇಬಿಡುತ್ತಾಳೆ, ಎರಡನೇ ಸಲ ಹಾರುತ್ತಾಳೆ. ಲಾಯದ ಚಿಲಕವನ್ನು ತುಟಿಯಿಂದ ತೆಗೆಯುತ್ತಾಳೆ. ಮಳೆಗಾಲದಲ್ಲಿ ಗೊರಸಿನ ಅಡಿ ಮೆತ್ತಗಾಗಿ ವಾಸನೆ ಬರುತ್ತದೆ, ದಿನಾ ಕೆರೆದು ಒಣಗಿಸಬೇಕು. ‘ಇಷ್ಟೆಲ್ಲಾ ಬರದ್ರ ಯಾರ ಬರ್ತಾರ?’ ಎಂದರು ನಮ್ಮ ಯಜಮಾನರು. ಬರಬೇಕಾದವರಷ್ಟೇ ಬಂದರು, ಅದು ನನಗೆ ಬೇಕಾಗಿದ್ದದ್ದೂ ಹೌದು. ನೀರಿನ ಟ್ರೇ ಮುಂದೆ ನಿಂತುಬಿಟ್ಟ ವಿಡಿಯೋವನ್ನು ಸಹ ಕಳಿಸಿದೆವು.

ಕಾಲ ನೋಡಿದ್ದು ದಸರೆಯ ನಂತರ. ಧಾರವಾಡದ ಮಳೆ ಹಿಂದೆ ಸರಿದಿರುತ್ತದೆ, ನೆಲ ಒಣಗಿ ಗೊರಸು ಗಟ್ಟಿಯಾಗಿರುತ್ತದೆ, ಬಿಸಿಲು ಏರಿರುವುದಿಲ್ಲ, ಚಳಿಗಾಲದ ಸ್ಪರ್ಧೆಗಳಿಗೆ ತಯಾರಿ ಮಾಡುವವರು ಪೋನಿ ಹುಡುಕುತ್ತಿರುತ್ತಾರೆ. ಆದರೆ ಕಾಗದದ ಕೆಲಸವನ್ನು ಅದಕ್ಕೂ ಮುಂಚೆಯೇ ಹಚ್ಚಿಕೊಂಡಿದ್ದೆ. ಮುಖ್ಯವಾದದ್ದು ಗ್ಲ್ಯಾಂಡರ್ಸ್ ರಕ್ತಪರೀಕ್ಷೆ. ಇದು ಕುದುರೆಗಳಿಗೆ ಬ್ಯಾಕ್ಟೀರಿಯಾದಿಂದ ಬರುವ ರೋಗ, ಮನುಷ್ಯರಿಗೂ ಅಂಟುತ್ತದೆ. ಪ್ರಾಣಿರೋಗ ನಿಯಂತ್ರಣದ 2009ರ ಕೇಂದ್ರ ಕಾಯ್ದೆಯಡಿ ಇದನ್ನು ಸರಕಾರಕ್ಕೆ ತಿಳಿಸಲೇಬೇಕು. ರೋಗ ಖಚಿತವಾದ ಕುದುರೆಗೆ ಚಿಕಿತ್ಸೆ ಇಲ್ಲ, ದಯಾಮರಣವೇ. ರಕ್ತದ ಮಾದರಿ ಪ್ರಯೋಗಾಲಯಕ್ಕೆ ಹೋಗಿ ವರದಿ ಬರಲು ಸಮಯ ಹಿಡಿಯುತ್ತದೆ. ಗಿರಾಕಿ ಬಾಗಿಲಿಗೆ ಬಂದ ಮೇಲೆ ಮಾದರಿ ತೆಗೆಯುತ್ತ ಕೂತರೆ ವ್ಯವಹಾರ ತಣ್ಣಗಾಗುತ್ತದೆ. ಧನುರ್ವಾಯು ಲಸಿಕೆಯ ನಮೂದು, ಹಲ್ಲಿನ ಚೂಪು ಮೊನೆ ಉಜ್ಜಿಸಿದ ದಿನಾಂಕ, ಜಂತಿನ ಔಷಧಿ, ಲಾಳ ಬದಲಿಸಿದ ಲೆಕ್ಕ ಎಲ್ಲ ಒಂದೇ ವಹಿಯಲ್ಲಿ ಇದ್ದವು.

ಕೊನೆಗೆ ಬಂದವರು ಬೆಂಗಳೂರಿನ ಒಂದು ಕುಟುಂಬ, ಹತ್ತು ವರ್ಷದ ಮಗಳು, ಅವಳ ಕೋಚ್, ಅವರದೇ ಪಶುವೈದ್ಯರು. ವೈದ್ಯರನ್ನು ನೀವೇ ಕರಕೊಂಡು ಬನ್ನಿ ಎಂದು ಹೇಳಿದವಳು ನಾನು. ನಮ್ಮ ಕಡೆಯ ವೈದ್ಯರಿಗೆ ಎಮ್ಮೆ, ಎತ್ತುಗಳ ಮೇಲೆ ಕೈ ಪಳಗಿರುತ್ತದೆ, ಕುದುರೆ ಅಪರೂಪ. ಮೇಲಾಗಿ ಮಾರುವವರ ವೈದ್ಯರ ಮಾತಿನ ಮೇಲೆ ಯಾರೂ ಕೊಳ್ಳಬಾರದು.

ಅವತ್ತು ಬೆಳಿಗ್ಗೆ ಚಿಗರಿಯನ್ನು ಲಾಯದಿಂದ ಹೊರಗೇ ತೆಗೆದಿರಲಿಲ್ಲ. ಕೆಲವರು ಗಿರಾಕಿ ಬರುವ ಮುಂಚೆ ಕುದುರೆಯನ್ನು ಓಡಿಸಿ ದಣಿಸಿ ಇಡುತ್ತಾರೆ, ಸಾಧು ಕಾಣಲಿ ಎಂದು. ಇನ್ನೂ ಕೆಲವರು ಮತ್ತಿನ ಔಷಧಿ ಕೊಡುತ್ತಾರೆ. ಬಂದವರು ಎದೆ, ಕಾಲು ಮುಟ್ಟಿ, ಮೈ ತಣ್ಣಗಿದೆ, ಬೆವರಿಲ್ಲ ಎಂದು ತಾವೇ ನೋಡಿಕೊಳ್ಳಲಿ ಎಂಬುದು ನನ್ನ ಇಚ್ಛೆ. ಹಿಡಿಯುವುದು, ಉಜ್ಜುವುದು, ಜೀನು ಹಾಕುವುದು ಎಲ್ಲ ಅವರೆದುರೇ ಆಯಿತು. ವೈದ್ಯರು ಒಂದೊಂದು ಕಾಲನ್ನೂ ನಿಮಿಷದ ಮಟ್ಟಿಗೆ ಮಡಿಚಿ ಹಿಡಿದು, ಬಿಟ್ಟ ಕೂಡಲೇ ಟ್ರಾಟ್, ಅಂದರೆ ಸಣ್ಣ ಓಟ, ಮಾಡಿಸಿ, ಕೀಲಿನಲ್ಲಿ ನೋವಿದೆಯೇ ನೋಡಿದರು. ಮೊದಲು ನಮ್ಮ ಮಗಳು ಸ್ವಲ್ಪ ಹೊತ್ತು ಓಡಿಸಿದಳು, ತಗ್ಗಾದ ಗಂಬಗಳನ್ನಷ್ಟೇ ಹಾರಿಸಿದಳು. ಆಮೇಲೆ ಸಣ್ಣ ಮೈಕಟ್ಟಿನ ಆ ಕೋಚ್ ಹತ್ತಿ ಎಡ-ಬಲ ಎರಡೂ ಕಡೆ ಕ್ಯಾಂಟರ್, ಅಂದರೆ ಟ್ರಾಟಿಗಿಂತ ವೇಗದ ನೆಗೆತದ ಓಟ, ನೋಡಿದರು. ಕೊನೆಗೆ ಆ ಹುಡುಗಿ.

ನಾನು ನೋಡುತ್ತಿದ್ದದ್ದು ಪೋನಿಯನ್ನಲ್ಲ, ಆ ಹುಡುಗಿಯ ಕೈಗಳನ್ನು. ಕೈ ಮೆತ್ತಗಿದ್ದವು. ಚಿಗರಿ ನೀರಿನ ಟ್ರೇ ಮುಂದೆ ನಾವು ಹೇಳಿದಂತೆಯೇ ನಿಂತಳು. ಹುಡುಗಿ ಕುತ್ತಿಗೆ ಹಿಡಿದು ಹೇಗೋ ಬೀಳದೆ ಉಳಿದಳು. ಲಗಾಮು ಜಗ್ಗಲಿಲ್ಲ, ಚಾಟಿ ಎತ್ತಲಿಲ್ಲ. ಸುತ್ತು ಹಾಕಿ ಮತ್ತೆ ತಂದಳು, ಹಾರಿದಳು. ನಮ್ಮ ಮಗಳು ನನ್ನ ಹತ್ತಿರ ಬಂದು, ‘ಅವ್ವಾ, ಈಕಿಗೇ ಕೊಡೂಣು’ ಅಂದಳು. ನನ್ನ ಮನಸ್ಸೂ ಅದನ್ನೇ ಹೇಳುತ್ತಿತ್ತು.

ಬೆಲೆಯನ್ನು ಬಟ್ಟೆ ಮರೆಯಲ್ಲಿ ಬೆರಳು ಹಿಡಿದು ಕುದುರಿಸುವ ದನದ ಸಂತೆಯ ಕ್ರಮ ನನಗೆ ಗೌರವದ್ದೇ, ಆದರೆ ಇಲ್ಲಿ ಎಲ್ಲ ಎದುರುಬದುರು ಮಾತಾಡಿದೆವು. ನಾನು ಎರಡೂವರೆ ಲಕ್ಷ ಹೇಳಿದೆ, ಎರಡೂಕಾಲಿಗೆ ನಿಂತಿತು. ಬಿಟ್ಟ ದುಡ್ಡಿಗೆ ಬದಲು ಒಂದು ಷರತ್ತು ಕೇಳಿದೆ: ಅವರ ಮಗಳಿಗೂ ಚಿಗರಿ ಸಣ್ಣದಾದಾಗ ಬೇರೆಯವರಿಗೆ ಹೇಳುವ ಮುಂಚೆ ನಮಗೆ ತಿಳಿಸಬೇಕು. ಬಾಂಡ್ ಕಾಗದದ ಮೇಲೆ ಪಾಸ್‌ಪೋರ್ಟ್ ಸಂಖ್ಯೆ, ಚರ್ಮದಡಿ ಗುರುತಿಗೆ ಹಾಕಿದ ಚಿಪ್ಪಿನ ಸಂಖ್ಯೆ, ಗುರುತು, ಹೇಳಿದ ಕುಂದುಗಳು, ಈ ಷರತ್ತು ಎಲ್ಲ ಬರೆದು ಇಬ್ಬರೂ ಸಹಿ ಮಾಡಿದೆವು. ಸಂಚಕಾರ ಅಂದೇ ಬಂತು, ಉಳಿದದ್ದು ಲಾರಿ ಬರುವ ಮುಂಚೆ ಬ್ಯಾಂಕಿಗೆ ಜಮೆಯಾಯಿತು. ಜೀನನ್ನು ಚಿಗರಿಯ ಬೆನ್ನಿಗೆ ಹೊಂದಿಸಿ ಮಾಡಿಸಿದ್ದು, ಅದನ್ನು ಬೇರೆ ಬೆಲೆ ಕಟ್ಟದೆ ಜೊತೆಗೇ ಕೊಟ್ಟೆವು.

ಸಾಗಾಟದ ವಿಷಯದಲ್ಲಿ ನಾನು ಸ್ವಲ್ಪ ಹಟ ಮಾಡಿದೆ. ಧಾರವಾಡದಿಂದ ಬೆಂಗಳೂರಿಗೆ ಹಾವೇರಿ, ದಾವಣಗೆರೆ ಹಾದು ನಾನೂರು ಕಿಲೋಮೀಟರಿಗೂ ಹೆಚ್ಚು ದಾರಿ. ಕುದುರೆಯ ತಲೆಯನ್ನು ಮೇಲಕ್ಕೆ ಗಿಡ್ಡಗೆ ಕಟ್ಟಿ ಅಷ್ಟು ದೂರ ಒಯ್ದರೆ, ತಲೆ ಬಗ್ಗಿಸಿ ಸೀನಿ ಶ್ವಾಸನಾಳ ಸ್ವಚ್ಛ ಮಾಡಿಕೊಳ್ಳಲಾಗದೆ ಪುಪ್ಪುಸದ ಸೋಂಕು ಬರಬಹುದು. ಹಗ್ಗ ತಲೆ ಬಗ್ಗಿಸುವಷ್ಟು ಸಡಿಲ ಇರಬೇಕು, ನಡುನಡುವೆ ನಿಲ್ಲಿಸಿ ನೀರು ತೋರಿಸಬೇಕು ಎಂದು ಡ್ರೈವರನಿಗೆ ಹೇಳಿ, ಜೊತೆಗೆ ನಮ್ಮ ಲಾಯ ನೋಡಿಕೊಳ್ಳುವ ಹುಡುಗನನ್ನೂ ಕಳಿಸಿದೆ. ಲಾರಿ ಹತ್ತುವುದನ್ನು ಮೊದಲಿನಿಂದಲೇ ಅಭ್ಯಾಸ ಮಾಡಿಸಿದ್ದರಿಂದ ಚಿಗರಿ ಒದ್ದಾಡಲಿಲ್ಲ. ಹೊರಡುವ ದಿನ ಹುರುಳಿ, ಬೂಸಾ ಕೊಡಲಿಲ್ಲ, ಒಣಹುಲ್ಲು ಅಷ್ಟೇ. ಕುದುರೆಗೆ ವಾಂತಿ ಮಾಡಲು ಆಗುವುದಿಲ್ಲ, ಹೊಟ್ಟೆ ಕೆಟ್ಟರೆ ನೇರ ಶೂಲೆಗೇ ತಿರುಗುತ್ತದೆ. ಅದಕ್ಕೇ ನಮ್ಮ ಹುಲ್ಲು, ಹುರುಳಿ ಹತ್ತು ದಿನಕ್ಕಾಗುವಷ್ಟು ಚೀಲ ಕಟ್ಟಿ ಕಳಿಸಿದೆ. ಹೊಸ ಮೇವನ್ನು ದಿನಕ್ಕಿಷ್ಟು ಬೆರೆಸುತ್ತ ಹೋಗಿ ಎಂದು ಬರೆದುಕೊಟ್ಟೆ.

ಮೊದಲ ವಾರಗಳಲ್ಲಿ ಅವರು ಆಗಾಗ ಫೋನ್ ಮಾಡುತ್ತಿದ್ದರು, ನನಗೂ ಅದೇ ಬೇಕಿತ್ತು. ಒಮ್ಮೆ ರಾತ್ರಿ ಲಾಯದ ಬಾಗಿಲು ತೆರೆದು ಚಿಗರಿ ಹೊರಗೆ ಬಂದಿದ್ದಳಂತೆ. ಆ ಹುಡುಗಿ ನಮ್ಮ ಮಗಳಿಗೇ ಫೋನ್ ಮಾಡಿದಳು: ‘ಅಕ್ಕಾ, ಚಿಲಕಕ್ಕೆ ನೀವು ಏನು ಮಾಡ್ತಿದ್ರಿ?’ ಕೆಳಗಡೆ ಚಿಗರಿಯ ತುಟಿಗೆ ನಿಲುಕದಂತೆ ಎರಡನೆಯ ಚಿಲಕ ಹಾಕಿಸಲು ಹೇಳಿ, ನಮ್ಮ ಬಾಗಿಲಿನ ಫೋಟೋ ತೆಗೆದು ಕಳಿಸಿದಳು ಇವಳು. ಜನವರಿಯ ರಜೆಗೆ ಹೋಗಿ ನೋಡಿಬರುವ ಮಾತಾಗಿದೆ.