ಅಂಗ್ಕೋರ್‌ಗೆ ನಮ್ಮದೇ ಗೈಡ್, ಈಜಿಪ್ಟಿಗೆ ಚಿಕ್ಕ ಗುಂಪು

ಇಟಗಿಯ ಮಹಾದೇವ ದೇವಾಲಯ ಕ್ರಿ.ಶ. 1112ರದು. ಅದರ ಮರುವರ್ಷ ಕಾಂಬೋಡಿಯಾದಲ್ಲಿ ಎರಡನೆಯ ಸೂರ್ಯವರ್ಮನ್ ಪಟ್ಟಕ್ಕೆ ಬಂದ. ಮುಂದೆ ಅಂಗ್ಕೋರ್ ವಾಟ್ ದೇವಾಲಯವನ್ನು ಕಟ್ಟಿಸಿದವನು ಅವನೇ. ಕೊಪ್ಪಳದ ಪ್ರೌಢಶಾಲೆಯೊಂದರಲ್ಲಿ ಸಮಾಜ ವಿಜ್ಞಾನ ಪಾಠ ಮಾಡುವ ನನಗೆ ಈ ಎರಡು ಇಸವಿಗಳು ಅಕ್ಕಪಕ್ಕದಲ್ಲಿ ಕಂಡಾಗಿನಿಂದ ಅಲ್ಲಿಗೆ ಹೋಗಲೇಬೇಕೆಂಬ ಹಂಬಲ ಹತ್ತಿತ್ತು. ಇಟಗಿಯ ಕಂಬಗಳ ಮುಂದೆ ಅರ್ಧ ದಿನ ಕಳೆದರೂ ನನಗೆ ದಣಿವಾಗುವುದಿಲ್ಲ. ಅಂಗ್ಕೋರ್‌ನಲ್ಲಿ ಗುಂಪಿನ ಹಿಂದೆ ಓಡುತ್ತಾ ನೋಡುವುದಾದರೆ ಹೋಗದೆ ಇರುವುದೇ ಮೇಲು ಎಂದು ಮನೆಯಲ್ಲಿ ಮೊದಲೇ ಹೇಳಿಬಿಟ್ಟಿದ್ದೆ.

ಹಾಗಾಗಿ ಅಲ್ಲಿಗೆ ನಮ್ಮಷ್ಟಕ್ಕೇ ಒಬ್ಬ ಗೈಡನ್ನು ಗೊತ್ತುಮಾಡಿಕೊಂಡೆವು. ಆಮೇಲೆ ಈಜಿಪ್ಟಿಗೆ ಹನ್ನೆರಡು ಜನರನ್ನು ಮೀರದ ಚಿಕ್ಕ ಗುಂಪಿನಲ್ಲಿ ಹೋದೆವು. ಈಗ ಕೊಪ್ಪಳ, ಗಂಗಾವತಿಯ ಪರಿಚಯದವರು ವಿದೇಶಕ್ಕೆ ಹೊರಡುವ ಮುನ್ನ, "ಟೀಚರ್, ಗುಂಪಿನಲ್ಲಿ ಹೋಗುವುದು ಒಳ್ಳೆಯದೋ, ನಾವೇ ಬೇರೆಯಾಗಿ ಹೋಗುವುದು ಒಳ್ಳೆಯದೋ?" ಎಂದು ಕೇಳುತ್ತಾರೆ. ದುಡ್ಡಿನ ಲೆಕ್ಕಕ್ಕೆ ಕೂರುವ ಮುಂಚೆ ನಾನು ಅವರಿಗೆ ಹಾಕುವ ಪ್ರಶ್ನೆ ಒಂದೇ. ಗೈಡ್ ಹೇಳುವ ಮಾತು ನಿಮಗೆ ಎಲ್ಲಿ ಬೇಕು? ಕಲ್ಲಿನ ಮುಂದೆ ನಿಂತಾಗ ಬೇಕೋ, ಬಸ್ಸಿನಲ್ಲಿ ಕುಳಿತು ಕೇಳಿಕೊಂಡರೆ ಸಾಕೋ?

ಅಂಗ್ಕೋರ್‌ಗೆ ಹೋದವರು ನಾನು, ನಮ್ಮ ಮನೆಯವರು, ಸಿಂಧನೂರಿನ ತಂಗಿ ಮತ್ತು ಅವ್ವ. ಅವ್ವನಿಗೆ ಕನ್ನಡವೊಂದೇ ಬರುತ್ತದೆ, ಮೊಣಕಾಲು ನೋವಿದೆ. ಆದರೆ ರಾಮಾಯಣ, ಮಹಾಭಾರತದ ಕಥೆಗಳನ್ನು ನನಗಿಂತ ಚೆನ್ನಾಗಿ ಬಲ್ಲಳು. ಗೈಡ್ ಇಂಗ್ಲಿಷಿನಲ್ಲಿ ಹೇಳಬೇಕು, ನಾನು ಅದನ್ನು ಕನ್ನಡದಲ್ಲಿ ಅವ್ವನಿಗೆ ಹೇಳಬೇಕು, ಅವ್ವ ಕೇಳಿದ್ದನ್ನು ಮತ್ತೆ ಗೈಡ್‌ಗೆ ಮುಟ್ಟಿಸಬೇಕು. ಗುಂಪಿನಲ್ಲಿ ಇದು ನಡೆಯುವ ಮಾತಲ್ಲ. ನಾನು ಅವ್ವನಿಗೆ ಹೇಳಿ ಮುಗಿಸುವಷ್ಟರಲ್ಲಿ ಗುಂಪು ಮುಂದಿನ ಗೋಡೆಗೆ ಹೋಗಿರುತ್ತದೆ. ನಿಧಾನವಾಗಿ ಹೇಳೋಣವೆಂದರೆ ಉಳಿದವರಿಗೆ ಕಿರಿಕಿರಿ.

ಗೈಡನ್ನು ಆರಿಸುವಾಗ ಏಜೆಂಟರ ಮೂಲಕ ಮೂವರ ಜೊತೆ ವಿಡಿಯೊ ಕರೆಯಲ್ಲಿ ಮಾತನಾಡಿದೆ. ಕಾಂಬೋಡಿಯಾದಲ್ಲಿ ಗೈಡ್‌ಗಳಿಗೆ ಸರ್ಕಾರದ ಪರವಾನಗಿ ಬೇಕು, ಅದು ಮೂವರಲ್ಲೂ ಇತ್ತು. ಇಬ್ಬರು ಯಾವ ದಿನ ಯಾವ ದೇವಾಲಯ ಎಂಬ ಪಟ್ಟಿಯನ್ನು ಒಪ್ಪಿಸಿದರು. ಮೂರನೆಯವರು ಮಾತ್ರ, "ನಿಮ್ಮ ತಾಯಿಯವರಿಗೆ ಯಾವ ಯಾವ ಕಥೆ ಗೊತ್ತು? ಎಷ್ಟು ಮೆಟ್ಟಿಲು ಹತ್ತುತ್ತಾರೆ?" ಎಂದು ನನ್ನನ್ನೇ ಕೇಳಿದರು. ಅವರನ್ನೇ ಒಪ್ಪಿಕೊಂಡೆವು. ಅವ್ವ ಕೊನೆಯವರೆಗೂ ಅವರನ್ನು "ತಮ್ಮಾ" ಎಂದೇ ಕರೆದಳು.

ಆ ತಮ್ಮ ನಮ್ಮನ್ನು ಬೆಳಗಿನ ಹೊತ್ತು ಪೂರ್ವದ ಬಾಗಿಲಿನಿಂದ ಒಳಗೆ ಕರೆದೊಯ್ದರು. ಅಂಗ್ಕೋರ್ ವಾಟ್ ಪಶ್ಚಿಮಾಭಿಮುಖಿ. ಸೂರ್ಯೋದಯ ನೋಡುವ ಜನವೆಲ್ಲ ಪಶ್ಚಿಮದ ಕೊಳದ ದಡದಲ್ಲಿ ಕಿಕ್ಕಿರಿದಿರುತ್ತದೆ. ಪೂರ್ವದ ಮೊಗಸಾಲೆಯ ಸಮುದ್ರ ಮಥನದ ಗೋಡೆಯ ಮುಂದೆ ಆಗ ನಾವಷ್ಟೇ ಇದ್ದೆವು. ಹತ್ತಿರಹತ್ತಿರ 49 ಮೀಟರ್ ಉದ್ದದ ಗೋಡೆ. ನಡುವೆ ವಿಷ್ಣು, ಕೆಳಗೆ ಕೂರ್ಮ, ಒಂದು ಕಡೆ ವಾಸುಕಿಯ ಹೆಡೆ ಹಿಡಿದ ಅಸುರರು, ಇನ್ನೊಂದು ಕಡೆ ದೇವತೆಗಳು. ಎಲ್ಲರ ಮೊಣಕಾಲೂ ಒಂದೇ ಲಯದಲ್ಲಿ ಮಡಿಸಿವೆ. ಬಾಲದ ತುದಿಯಲ್ಲಿ ಹಗ್ಗ ಜಗ್ಗುತ್ತಿರುವುದು ಒಬ್ಬ ಕಪಿ. ಸಾಮಾನ್ಯವಾಗಿ ಅವನನ್ನು ಹನುಮಂತನೆಂದೇ ಗುರುತಿಸುತ್ತಾರೆ. ಅಂಜನಾದ್ರಿಯ ಸೀಮೆಯಿಂದ ಹೋದ ಅವ್ವ ಅಲ್ಲಿಂದ ಕದಲಲಿಲ್ಲ. "ಸಮುದ್ರ ಕಡೆದಾಗ ಹನುಮಪ್ಪ ಎಲ್ಲಿದ್ದ? ಅವನು ಹುಟ್ಟಿದ್ದು ತ್ರೇತಾಯುಗದಲ್ಲಲ್ಲವೇ? ಕೇಳು ಆ ತಮ್ಮನನ್ನು" ಎಂದಳು. ಕೇಳಿದೆ. ಖ್ಮೇರರ, ಅಂದರೆ ಕಾಂಬೋಡಿಯಾದ ಜನರ, ನಾಡಿನಲ್ಲಿ ರಾಮಾಯಣಕ್ಕೆ ತನ್ನದೇ ದಾರಿಯಿದೆ ಎನ್ನುತ್ತಾ ಅವರು ಅಲ್ಲಿಯ ಕಥೆ ಹೇಳತೊಡಗಿದರು. ಅವ್ವ ನಮ್ಮ ಕಥೆ ಹೇಳಿದಳು. ನಾನು ನಡುವೆ ನಿಂತು ಇಬ್ಬರ ಮಾತನ್ನೂ ದಾಟಿಸಿದೆ. ಬಿಸಿಲು ಕಂಬಗಳ ನಡುವಿನಿಂದ ಗೋಡೆಯ ಬುಡಕ್ಕೆ ಇಳಿಯುವವರೆಗೂ ಈ ಸಂವಾದ ನಡೆಯಿತು. ನಮ್ಮ ಹಿಂದೆಯೇ ಬಂದ ದೊಡ್ಡ ಗುಂಪೊಂದು ಐದು ನಿಮಿಷದಲ್ಲಿ ಆ ಗೋಡೆ ಮುಗಿಸಿ ಹೋಯಿತು. ಖಾಸಗಿ ಗೈಡ್‌ಗೆ ಕೊಟ್ಟ ದುಡ್ಡೆಲ್ಲ ಆ ಒಂದು ಗೋಡೆಯ ಮುಂದೆಯೇ ಸಂದಾಯವಾಯಿತೆಂದು ನನ್ನ ಭಾವನೆ.

ಪಶ್ಚಿಮದ ಮೊಗಸಾಲೆಯಲ್ಲಿ ಕುರುಕ್ಷೇತ್ರವಿದೆ, ಶರಶಯ್ಯೆಯ ಭೀಷ್ಮನಿದ್ದಾನೆ. ಅಲ್ಲಿಗೆ ಮಧ್ಯಾಹ್ನದ ಮೇಲೆ ಹೋದೆವು. ಮೂರನೆಯ ಅಂತಸ್ತಿನ ಕಡಿದಾದ ಮೆಟ್ಟಿಲನ್ನು ಅವ್ವ ಹತ್ತಲಿಲ್ಲ, ತಂಗಿ ಅವಳ ಜೊತೆ ಕೆಳಗೇ ಕುಳಿತಳು. ಆ ಅಂತಸ್ತಿಗೆ 12 ವರ್ಷದೊಳಗಿನ ಮಕ್ಕಳನ್ನು ಬಿಡುವುದಿಲ್ಲ, ಬೌದ್ಧರ ಪವಿತ್ರ ದಿನಗಳಲ್ಲಿ ಅದನ್ನು ಮುಚ್ಚಿರುತ್ತಾರೆ. ಗುಂಪಿನ ಪಟ್ಟಿಯಲ್ಲಿ ಅಂಗ್ಕೋರ್ ವಾಟ್ ಅಂಥ ದಿನವೇ ಬಿದ್ದರೆ ಬದಲಾಯಿಸಲು ಬರುವುದಿಲ್ಲ, ನಮಗೆ ಬರುತ್ತಿತ್ತು. ಟಿಕೆಟ್ಟೂ ಇದಕ್ಕೆ ಒಗ್ಗುವಂತಿದೆ. ಒಂದು ದಿನದ ಪಾಸ್ 37 ಡಾಲರ್, ಮೂರು ದಿನದ್ದು 62, ಏಳು ದಿನದ್ದು 72. ಮೂರು ದಿನದ ಪಾಸನ್ನು ಹತ್ತು ದಿನದೊಳಗೆ ಯಾವ ಮೂರು ದಿನವಾದರೂ ಬಳಸಬಹುದು. ಅವ್ವನ ಮೊಣಕಾಲು ಬಾತ ದಿನ ನಾವು ಎಲ್ಲಿಗೂ ಹೋಗಲಿಲ್ಲ, ಪಾಸಿನ ದಿನವೂ ಕಳೆಯಲಿಲ್ಲ.

ಊಟದ ವಿಷಯದಲ್ಲೂ ಗೈಡ್ ನೆರವಿಗೆ ಬಂದರು. ಅಲ್ಲಿ ತರಕಾರಿ ಪಲ್ಯಕ್ಕೂ ಮೀನಿನ ಸಾಸ್ ಹಾಕುವುದು ವಾಡಿಕೆ. ಪ್ರತಿ ಹೋಟೆಲಿನಲ್ಲಿ ಅವರು ಅಡುಗೆಮನೆಗೇ ಹೋಗಿ ಖ್ಮೇರ್ ಭಾಷೆಯಲ್ಲಿ ಬಿಡಿಸಿ ಹೇಳಿ ಬರುತ್ತಿದ್ದರು. ಖಡಕ್ ರೊಟ್ಟಿ, ಶೇಂಗಾ ಚಟ್ನಿ ನಮ್ಮ ಚೀಲದಲ್ಲಿ ಇದ್ದೇ ಇದ್ದವು.

ಇನ್ನು ಲೆಕ್ಕ. ಖಾಸಗಿ ಗೈಡ್ ಮತ್ತು ಕಾರಿನ ದರ ದಿನಕ್ಕೆ ಇಷ್ಟು ಎಂದಿರುತ್ತದೆ, ತಲೆಗೆ ಇಷ್ಟು ಎಂದಲ್ಲ. ಇಬ್ಬರು ಹೋದರೂ ಅಷ್ಟೇ, ನಾಲ್ವರು ಹೋದರೂ ಅಷ್ಟೇ. ಗುಂಪಿನ ದರ ತಲೆಲೆಕ್ಕದ್ದು, ಜನ ಹೆಚ್ಚಾದರೆ ಮೊತ್ತವೂ ಹೆಚ್ಚುತ್ತದೆ. ನಾಲ್ವರಿದ್ದ ನಮಗೆ ಅಂಗ್ಕೋರ್‌ನಲ್ಲಿ ಎರಡಕ್ಕೂ ಹೇಳಿಕೊಳ್ಳುವಂಥ ಅಂತರ ಉಳಿಯಲಿಲ್ಲ. ಒಬ್ಬರೇ ಹೊರಟವರಿಗೆ ಮಾತ್ರ ಎರಡೂ ಕಡೆ ಭಾರ. ಗುಂಪಿನಲ್ಲೂ ಒಂಟಿ ಕೋಣೆಗೆ ಹೆಚ್ಚುವರಿ ಹಣ ಕೇಳುತ್ತಾರೆ. ಯಾವುದನ್ನೇ ಆರಿಸಿಕೊಂಡರೂ ಹೇಳಿದ ದರದಲ್ಲಿ ಜಿಎಸ್‌ಟಿ, ಟಿಸಿಎಸ್ ಸೇರಿವೆಯೇ ಎಂದು ಲಿಖಿತವಾಗಿ ಕೇಳಿ ಪಡೆಯಿರಿ. ವಿದೇಶ ಪ್ರವಾಸದ ಪ್ಯಾಕೇಜಿನ ಮೇಲೆ ಟಿಸಿಎಸ್, ಅಂದರೆ ದುಡ್ಡು ಕಟ್ಟುವಾಗಲೇ ವಸೂಲಿ ಮಾಡುವ ತೆರಿಗೆ, ಹಿಡಿಯುತ್ತಾರೆ, ಅದರ ದರವನ್ನು ಸರ್ಕಾರ ಆಗಾಗ ಬದಲಿಸುತ್ತಿರುತ್ತದೆ. ಪ್ಯಾನ್ ಸಂಖ್ಯೆ ಸರಿಯಾಗಿ ಕೊಟ್ಟಿದ್ದರೆ ಆದಾಯ ತೆರಿಗೆ ರಿಟರ್ನ್ಸ್ ಸಲ್ಲಿಸುವಾಗ ಅದನ್ನು ವಜಾ ಮಾಡಿಕೊಳ್ಳಬಹುದು. ತೆರಿಗೆಯೇ ಬಾರದಿದ್ದರೆ ಮರಳಿ ಪಡೆಯಬಹುದು. ನಮ್ಮ ಕಡೆ ಬಹಳ ಜನ ಅದನ್ನು ಹೋದ ದುಡ್ಡೆಂದು ಬಿಟ್ಟುಬಿಡುವುದನ್ನು ಕಂಡು ನನಗೆ ಸಂಕಟವಾಗುತ್ತದೆ.

ಈಜಿಪ್ಟಿಗೆ ನಾವಿಬ್ಬರೇ. ಅಲ್ಲಿ ಕಾರು, ಗೈಡ್ ಎಂದು ಬೇರೆ ಮಾಡಿಕೊಂಡರೆ ಇಬ್ಬರ ಮೇಲೆಯೇ ಎಲ್ಲ ಬೀಳುತ್ತಿತ್ತು. ಅದಕ್ಕಿಂತ ದೊಡ್ಡ ಕಾರಣ ಬೇರೆಯಿತ್ತು. ಲಕ್ಸರಿನ ರಾಜರ ಕಣಿವೆಯಲ್ಲಿ ಸಮಾಧಿಗಳ ಒಳಗೆ ಗೈಡ್‌ಗಳು ವಿವರಣೆ ಕೊಡುವಂತಿಲ್ಲ. ಹೊರಗೆ ನೆರಳಿನಲ್ಲಿ ನಿಲ್ಲಿಸಿ ಎಲ್ಲ ಹೇಳಿ, ಒಳಗೆ ನಮ್ಮನ್ನು ನಮ್ಮ ಪಾಡಿಗೆ ಕಳಿಸುತ್ತಾರೆ. ಅಬು ಸಿಂಬೆಲ್ ದೇವಾಲಯಗಳಲ್ಲೂ ಅದೇ ಪದ್ಧತಿ. ಗೈಡ್ ಬಾಯಿ ಮುಚ್ಚಿಕೊಳ್ಳಬೇಕಾದ ಕಡೆ ಅವರನ್ನು ನಮ್ಮೊಬ್ಬರಿಗೇ ಇಟ್ಟುಕೊಂಡು ಏನು ಲಾಭ? ಕಣಿವೆಯ ಸಾಮಾನ್ಯ ಟಿಕೆಟ್ಟಿನಲ್ಲಿ ಮೂರು ಸಮಾಧಿಗಳನ್ನು ನೋಡಬಹುದು, ತುತಂಖಾಮನ್ ಮತ್ತು ಮೊದಲನೆಯ ಸೇತಿಯ ಸಮಾಧಿಗಳಿಗೆ ಬೇರೆ ಟಿಕೆಟ್. ಗುಂಪಿನಲ್ಲಿದ್ದರೂ ನಾನು ಒಳಗೆ ಬೇಕಾದಷ್ಟು ಹೊತ್ತು ತಲೆಯೆತ್ತಿ ಚಾವಣಿಯ ಚಿತ್ರಗಳನ್ನು ನೋಡಿದೆ, ಯಾರೂ ಅವಸರಪಡಿಸಲಿಲ್ಲ.

ಅಸ್ವಾನ್‌ನಿಂದ ಅಬು ಸಿಂಬೆಲ್ ಮರುಭೂಮಿಯ ರಸ್ತೆಯಲ್ಲಿ 280 ಕಿಲೋಮೀಟರಿಗೂ ಮಿಗಿಲು. ನಸುಕಿನಲ್ಲಿ ಹೊರಟರೆ ಹೋಗಲು ಮೂರೂವರೆ ಗಂಟೆ, ಬರಲು ಅಷ್ಟೇ. ಅಷ್ಟು ದೀರ್ಘ ದಾರಿಯಲ್ಲಿ ಜೊತೆಗೆ ಜನ ಬೇಕೆನಿಸುತ್ತದೆ. ನಮ್ಮ ಮನೆಯವರು ಮುನಿರಾಬಾದಿನಲ್ಲಿ ನೀರಾವರಿ ಇಲಾಖೆಯವರು. ಗುಂಪಿನಲ್ಲಿ ವಡೋದರಾದ ನಿವೃತ್ತ ಎಂಜಿನಿಯರರೊಬ್ಬರಿದ್ದರು. ಅಸ್ವಾನ್ ಅಣೆಕಟ್ಟಿನ ನೀರಿನಲ್ಲಿ ಮುಳುಗಲಿದ್ದ ಅಬು ಸಿಂಬೆಲ್ ದೇವಾಲಯಗಳನ್ನು 1964ರಿಂದ 1968ರವರೆಗೆ ತುಂಡುತುಂಡಾಗಿ ಕತ್ತರಿಸಿ, ಸುಮಾರು 65 ಮೀಟರ್ ಮೇಲಕ್ಕೆ ಸಾಗಿಸಿ ಮತ್ತೆ ಜೋಡಿಸಿದರು. ಕತ್ತರಿಸಿದ ಬಂಡೆಗಳ ತೂಕ, ಸಂದು ಕಾಣದಂತೆ ಬೆಸೆದ ಬಗೆ, ಮೇಲಿನ ಕೃತಕ ಗುಡ್ಡ ಇವುಗಳ ಬಗ್ಗೆ ಆ ಎಂಜಿನಿಯರರು ಕೇಳಿದ ಪ್ರಶ್ನೆಗಳು ನನಗಂತೂ ಹೊಳೆಯುತ್ತಿರಲಿಲ್ಲ. ಮರಳುವಾಗ ನುಬಿಯಾದ ಗೈಡ್ ತಮ್ಮವರ ಮುಳುಗಿದ ಹಳ್ಳಿಗಳ ವಿಷಯ ತೆಗೆದರು. 1953ರ ತುಂಗಭದ್ರಾ ಅಣೆಕಟ್ಟೆಯ ನೀರಿನಲ್ಲಿ ಹೋದ ನಮ್ಮ ಹಳ್ಳಿಗಳ ಬಗ್ಗೆ ನಮ್ಮ ಮನೆಯವರು ಹೇಳಿದರು. ಮಾತಿಗೆ ಕೂರದವರೂ ಅಂದು ಬಸ್ಸಿನಲ್ಲಿ ಎದ್ದು ಕುಳಿತು ಕೇಳಿದರು. ಸಸ್ಯಾಹಾರಿಗಳಿಗೆ ಈಜಿಪ್ಟ್ ಕಷ್ಟದ ದೇಶವೂ ಅಲ್ಲ. ಅನ್ನ, ಬೇಳೆ, ಮ್ಯಾಕರೋನಿ, ಹುರಿದ ಉಳ್ಳಾಗಡ್ಡಿ ಸೇರಿಸಿದ ಕೊಶರಿ ಎಲ್ಲೆಡೆ ಸಿಗುತ್ತದೆ.

ಗುಂಪಿಗೆ ಮುಂಗಡ ಕಟ್ಟುವ ಮುಂಚೆ ಕೆಲವು ವಿಷಯ ಬರೆಸಿಕೊಂಡಿದ್ದೆ. ಜನ ಕಡಿಮೆ ಬಿದ್ದರೂ ಹೊರಡುವುದು ಖಚಿತವೇ? ಕಡಿಮೆಯಾಯಿತೆಂದು ಇನ್ನೊಂದು ದೊಡ್ಡ ಗುಂಪಿಗೆ ಸೇರಿಸುವುದಿಲ್ಲವಷ್ಟೇ? ಪಪೈರಸ್, ಅತ್ತರು ಅಂಗಡಿಗಳಿಗೆ ಎಷ್ಟು ಬಾರಿ ಕರೆದೊಯ್ಯುತ್ತಾರೆ? ಅಬು ಸಿಂಬೆಲ್ ದರದಲ್ಲಿ ಸೇರಿದೆಯೇ? ಟಿಪ್ಸ್ ಹಣವನ್ನು ಎಲ್ಲರಿಂದ ಒಟ್ಟಿಗೆ ಸಂಗ್ರಹಿಸುತ್ತಾರೆಯೇ? ಅಲ್ಲಿ ಹೆಜ್ಜೆಹೆಜ್ಜೆಗೂ ಬಕ್ಷೀಸು ಕೇಳುತ್ತಾರೆ. ಟೂರ್ ಮ್ಯಾನೇಜರೇ ಅದನ್ನು ನೋಡಿಕೊಂಡದ್ದರಿಂದ ನಮಗೆ ತಲೆನೋವಿರಲಿಲ್ಲ. ರಜೆಯ ಮಾತೂ ಇದೆ. ನಮಗೆ ಸಿಗುವುದು ದಸರಾ ರಜೆ, ಗುಂಪು ಹೊರಡುವ ದಿನಾಂಕ ಅದರೊಳಗೆ ಬೀಳಬೇಕು. ಕೊಪ್ಪಳದಿಂದ ರಾತ್ರಿಯ ಹಂಪಿ ಎಕ್ಸ್‌ಪ್ರೆಸ್ ಹಿಡಿದು ಬೆಂಗಳೂರಿಗೆ ಹೋಗುವ ನಮ್ಮಂಥವರು ಹಿಂದೆ ಮುಂದೆ ಒಂದೊಂದು ದಿನ ಕೂಡಿಸಿಕೊಂಡೇ ನೋಡಬೇಕು.

ಖಾಸಗಿ ಪ್ರವಾಸಕ್ಕೆ ಒಂದು ದೊಡ್ಡ ಅಪಾಯವಿದೆ. ಗೈಡ್ ಚೆನ್ನಾಗಿಲ್ಲದಿದ್ದರೆ ದಿನವಿಡೀ ಅವರೊಬ್ಬರೇ ಗತಿ. ಆದ್ದರಿಂದ ಮೊದಲೇ ಮಾತನಾಡಿಸದೆ, ಅದೇ ವ್ಯಕ್ತಿಯ ಹೆಸರನ್ನು ಒಪ್ಪಂದದಲ್ಲಿ ಬರೆಸದೆ ನಾನಂತೂ ದುಡ್ಡು ಕಟ್ಟುವುದಿಲ್ಲ.

ಈಗ ಇಂಡೋನೇಷ್ಯಾದ ಜಾವಾಕ್ಕೆ ಹೋಗುವ ಮಾತು ನಡೆದಿದೆ. ಅಲ್ಲಿಯ ಬೌದ್ಧ ಸ್ಮಾರಕ ಬೊರೊಬುದೂರಿನ ಮೇಲೆ ಹತ್ತಲು ಪ್ರತ್ಯೇಕ ಟಿಕೆಟ್ ಬೇಕು, ಅಲ್ಲಿಯ ಗೈಡ್ ಜೊತೆಗೆ ತಂಡವಾಗಿಯೇ ಹತ್ತಬೇಕು, ಸಮಯವೂ ನಿಗದಿ. ಅಲ್ಲಿಗೆ ನಮ್ಮದೇ ಗೈಡ್ ಬೇಡ. ಆದರೆ ಪ್ರಂಬಾನನ್‌ನ ಶಿವಾಲಯದ ಸುತ್ತ ಪ್ರದಕ್ಷಿಣೆಯ ದಾರಿಯುದ್ದಕ್ಕೂ ರಾಮಾಯಣ ಕೆತ್ತಿದ್ದಾರೆ. ಅದಕ್ಕೊಬ್ಬರನ್ನು ಹುಡುಕಿ ಕೊಡಿ ಎಂದು ಏಜೆಂಟರಿಗೆ ಹೇಳಿದ್ದೇನೆ. ಅವ್ವ ಬರುವುದು ಮೊಣಕಾಲಿನ ಡಾಕ್ಟರು ಹೇಳುವ ಮಾತಿನ ಮೇಲಿದೆ. ಅವಳೂ ತಂಗಿಯೂ ಹೊರಟರೆ ನಾಲ್ವರಾಗುತ್ತೇವೆ, ಕಾರಿನ ಲೆಕ್ಕ ಕೂಡುತ್ತದೆ. ಇಲ್ಲದಿದ್ದರೆ ಗುಂಪಿನ ದರವನ್ನೂ ತರಿಸಿ ನೋಡುತ್ತೇನೆ.